ಡಿಕ್ಕಿಯ ಕಣ್ಣು

ಸಮಯ: ಬೆಳಗಿನ ಆರೂವರೆ. ಹವೆ: ಬೇಸಿಗೆಯ ನಿರಭ್ರ ಆಕಾಶ, ಗಾಳಿಯಿಲ್ಲ. ಸ್ಥಳ: ಮಹಾರಾಷ್ಟ್ರದ ಗಡಿಯೂರು ಉಮರ್ಗಾ, ನಮ್ಮ ಓಣಿ. ಹಾಜರಿದ್ದವರು: ಪಕ್ಕದ ಮನೆಯ ಧಾನ್ಯದ ಅಡತಿ ಸಾವುಕಾರರು, ಅವರ ತಾಯಿ, ಇನ್ನು ಮುಂದೆ ‘ಅತ್ತೆ’, ಅವರ ಪತ್ನಿ, ಇನ್ನು ಮುಂದೆ ‘ಸೊಸೆ’, ಮತ್ತು ನಿವೃತ್ತ ಮುಖ್ಯಾಧ್ಯಾಪಕನಾದ ನಾನು. ಕಾರ್ಯ: ಪರೀಕ್ಷೆ. ವಿಷಯ: ಹೊಸ ಕಾರನ್ನು ಹಿಮ್ಮುಖವಾಗಿ ಓಣಿಯಿಂದ ಹೊರಗೆ ತರುವುದು. ಪರೀಕ್ಷಾರ್ಥಿ: ಸೊಸೆ.

ಪರೀಕ್ಷೆ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಸೊಸೆಯ ತವರು ಉದಗೀರ. ಅಲ್ಲಿ ಆಕೆಯ ತಮ್ಮನ ಮದುವೆ. ಅರಿಷಿಣದ ದಿನ ತಾನೇ ಕಾರು ನಡೆಸಿಕೊಂಡು, ನಿಲಂಗಾ, ದೇವಣಿ ದಾಟಿ, ತವರಿನ ಬಾಗಿಲಲ್ಲಿ ಇಳಿಯಬೇಕೆಂಬುದು ಆಕೆಯ ಸಂಕಲ್ಪ. ಸಾವುಕಾರರು ಮಾಲು ಇಳಿಸುವ ಗಡಿಬಿಡಿಯಲ್ಲಿ ಮದುವೆಯ ದಿನವಷ್ಟೇ ಬರಬಲ್ಲರು. ಆಕೆ ಚಾಲನೆ ಕಲಿತಿದ್ದಳು, ಲೈಸೆನ್ಸ್ ಕೂಡ ಪಡೆದಿದ್ದಳು. ಸಾವುಕಾರರದು ಒಂದೇ ಉತ್ತರ.

“ಲೈಸೆನ್ಸ್ ಸರ್ಕಾರ ಕೊಟ್ಟದ. ಚಾವಿ ನಾ ಕೊಡಬೇಕಲ್ಲ?”

ಅವರ ವಾದಕ್ಕೆ ಆಧಾರವೂ ಇತ್ತು. ನಮ್ಮ ಓಣಿಗೆ ಇನ್ನೊಂದು ತುದಿಯಿಲ್ಲ. ಒಳಗೆ ಬಂದ ಕಾರು ತಿರುಗುವಂತಿಲ್ಲ. ಬಂದ ದಾರಿಯಲ್ಲೇ ಹಿಂದೆ ಹಿಂದೆ ಸರಿದು ಹೊರಬೀಳಬೇಕು. “ಮುಂದ ಯಾರರೆ ಹೊಡೀತಾರ್ರೀ ಗುರೂಜಿ, ಹಿಂದ ಹೊಡೀಬೇಕು ಗಾಡಿ” ಎನ್ನುತ್ತಿದ್ದರು. ಆದರೆ ಹಿಂದೆ ಹೊಡೆಯುವುದಕ್ಕಾಗಿಯೇ ಆ ಕಾರಿನಲ್ಲಿ ಒಂದು ಏರ್ಪಾಡಿತ್ತು. ಅದು ಬಂದ ದಿನದಿಂದ ನಮ್ಮ ಓಣಿಯಲ್ಲಿ ಇಂಥ ಪ್ರಸಂಗಗಳಿಗೆ ಬಿಡುವಿಲ್ಲ. ಕೆಲವನ್ನು ಇಲ್ಲಿ ಕ್ರಮವಾಗಿ ದಾಖಲಿಸುತ್ತೇನೆ.

೧. ಹೆಸರು

ಏರ್ಪಾಡು ಹೀಗಿದೆ. ಡಿಕ್ಕಿಯ ಮುಚ್ಚಳವನ್ನು ಎತ್ತುವ ಹಿಡಿಕೆಯೊಳಗೆ ಒಂದು ಚಿಕ್ಕ ಕ್ಯಾಮೆರಾ ಅಡಗಿದೆ. ಕಾರು ಮುಂದೆ ಸಾಗುವಾಗ ಅದು ಮಡಚಿಕೊಂಡು ಒಳಗಿರುತ್ತದೆ. ರಿವರ್ಸ್ ಗೇರ್ ಹಾಕಿದೊಡನೆ ಹಿಡಿಕೆ ತೆರೆದು ಕ್ಯಾಮೆರಾ ಹೊರಗೆ ಬರುತ್ತದೆ, ಹಿಂದಿನ ದೃಶ್ಯವು ಚಾಲಕನ ಮುಂದಿರುವ ಪರದೆಯಲ್ಲಿ ಮೂಡುತ್ತದೆ. ಹಿಂದೆ ಏನಾದರೂ ಅಡ್ಡವಿದ್ದರೆ ಪೀಪೀ ಎಂಬ ಸದ್ದೂ ಆಗುತ್ತದೆ. ಕೆಲಸವಿದ್ದಾಗ ಹಾಜರಾಗುವುದು, ಮುಗಿದೊಡನೆ ತನ್ನ ಸ್ಥಳಕ್ಕೆ ಹೋಗುವುದು. ಈ ಶಿಸ್ತನ್ನು ನಾನು ಶಿಕ್ಷಕರ ಕೊಠಡಿಯಲ್ಲಿ ಎಂದೂ ಕಂಡವನಲ್ಲ.

ಕಾರು ಬಂದ ದಿನ ಸಾವುಕಾರರು ತಾಯಿಯನ್ನು ಹಿಂಬದಿಗೆ ಕರೆದೊಯ್ದು ಹೆಮ್ಮೆಯಿಂದ ತೋರಿಸಿದರು. “ಅವ್ವಾ, ಇದು ಡಿಕ್ಕಿ ಕ್ಯಾಮೆರಾ.”

ಅತ್ತೆ ಬಗ್ಗಿ ನೋಡಿದರು. “ಡಿಕ್ಕಿ ಹೊಡದ ಮ್ಯಾಲ ಫೋಟೋ ತಕ್ಕೊಂಡ್ ಏನ್ ಮಾಡ್ತೀಯೋ? ಅದಕ್ಕಿಂತ ಮದ್ಲ ತೋರಿಸೂದು ಏನರೆ ಕೊಟ್ಟಾರೇನು ಕೇಳು.”

“ಆ ಡಿಕ್ಕಿ ಅಲ್ಲವಾ. ಡಿಕ್ಕಿ ಅಂದ್ರ ಗಾಡಿ ಹಿಂದಿನ ಪೆಟಗಿ. ಮಂದಿ ಹಂಗೇ ಅಂತಾರ.”

“ಪೆಟಗಿಗಿ ಪೆಟಗಿ ಅನ್ನು. ಇನ್ನಾ ಕಾಯಿ ಒಡದಿಲ್ಲ, ಹೊಸಾ ಗಾಡಿ ಮುಂದ ನಿಂತು ಡಿಕ್ಕಿ ಡಿಕ್ಕಿ ಅಂತೀಯಲ್ಲ, ನಾಲಿಗಿಗಿ ಮಾನ ಬ್ಯಾಡೇನು?”

೨. ಪೂಜೆ

ಪೂಜೆಗೆ ಮಠದ ಅಯ್ಯನವರು ಬಂದರು. ಎದುರಿನ ಪೂಜೆ ಮುಗಿಸಿ, ಹಿಂಬದಿಗೂ ಮೂರು ಬೆರಳಿನಿಂದ ವಿಭೂತಿ ಎಳೆದರು. ಅದು ನೇರವಾಗಿ ಆ ಹಿಡಿಕೆಯ ಮೇಲೆಯೇ ಬಿತ್ತು. ಅದೇ ಕ್ಷಣಕ್ಕೆ, ಒಳಗೆ ಕುಳಿತಿದ್ದ ಸಾವುಕಾರರು ರಿವರ್ಸ್ ಗೇರ್ ಹಾಕಿದರು. ವಿಭೂತಿಯ ಪಟ್ಟೆಗಳ ನಡುವಿನಿಂದ ಕಣ್ಣೊಂದು ತೆರೆದು ಅಯ್ಯನವರನ್ನು ದಿಟ್ಟಿಸಿತು.

ಅಯ್ಯನವರು ಹಿಂದಕ್ಕೆ ಜಿಗಿದರು. “ಎಷ್ಟೋ ಗಾಡಿ ಪೂಜಾ ಮಾಡೀನ್ರೀ ಗುರೂಜಿ! ಹಣಿಗಣ್ಣು ತೆರದದ್ದು ಇದೊಂದೇ!”

ಅತ್ತೆ ಕೈ ಮುಗಿದು ನಿಂತರು. ಮಂಗಳಾರತಿ ಎರಡನೆಯ ಬಾರಿ ಆಯಿತು, ಈ ಬಾರಿ ಹಿಂಬದಿಗೆ. ಆದರೆ ಒಳಗಿನಿಂದ ಸಾವುಕಾರರ ದನಿ ಕೇಳಿತು. “ಹಿಂದ ಎಲ್ಲಾ ಮಂಜ್ ಕವದದಲ್ಲ! ಇಂಥಾ ಬಿಸಿಲಾಗ ಎಲ್ಲಿಂದ ಬಂತು?”

ಸೊಸೆ ಹಿಂದೆ ಹೋಗಿ, ಸೆರಗಿನ ತುದಿಯಿಂದ ಕ್ಯಾಮೆರಾದ ಗಾಜಿಗೆ ಉದುರಿದ್ದ ವಿಭೂತಿ ಒರೆಸಿದಳು. “ಹೋಯ್ತೇನ್ರೀ ಮಂಜು?”

“ಹೋಯ್ತು. ಈಗ ನಿನ್ನ ಮಾರಿ ಕಾಣ್ತದ.”

“ಮಂಜೇ ಚಲೋ ಇತ್ತು ಅನ್ನಸ್ತದೇನು?”

ಆರತಿ ಮುಗಿಸಿ ಒಳಗೆ ಬಂದ ಸಾವುಕಾರರ ತಾಯಿ ಪಕ್ಕದ ಸೀಟಿನಲ್ಲೇ ಇದ್ದರು, ಪತ್ನಿಯು ಪರದೆಯಲ್ಲಿದ್ದಳು. ಯಾವ ಉತ್ತರಕ್ಕೂ ಕಾರಿನಲ್ಲಿ ಸ್ಥಳವಿರಲಿಲ್ಲ.

೩. ಸೆರಗು

ಒಂದು ಸಂಗತಿಯನ್ನು ಅತ್ತೆ ಒಳಗೆ ಕುಳಿತೇ ಕಂಡುಕೊಂಡರು: ಹಿಂದೆ ಹಾದು ಹೋಗುವವರೆಲ್ಲ ಒಳಗಿನವರಿಗೆ ಕಾಣುತ್ತಾರೆ. ಅಂದಿನಿಂದ ಕಾರಿನ ಹಿಂದೆ ಹಾಯುವಾಗಲೆಲ್ಲ ತಲೆಯ ಮೇಲೆ ಸೆರಗು. ಕಾರು ನಿಂತಿದ್ದರೂ ಸೆರಗು. ಕಾರಿನಲ್ಲಿ ಯಾರೂ ಇರದಿದ್ದರೂ ಸೆರಗು. ಓಣಿಯ ಉಳಿದ ಹೆಂಗಸರೂ ಈ ಪದ್ಧತಿಯನ್ನು ಪಾಲಿಸಿದರು.

ಸೊಸೆ ಒಮ್ಮೆ ಹೇಳಿದಳು: “ಅತ್ತಿ, ಗಾಡಿ ಬಂದ್ ಇದ್ದಾಗ ಅದು ಮುಚ್ಚಿರ್ತದ. ಏನೂ ಕಾಣಂಗಿಲ್ಲ.”

“ಕಣ್ ಮುಚ್ಚಿ ಕೂತೋರೆಲ್ಲಾ ಮಲಗಿರ್ತಾರೇನು? ನಿಮ್ಮ ಮಾವ ಇದ್ರಲ್ಲ, ಕಣ್ ಮುಚ್ಚೇ ಇಡೀ ಓಣಿ ಸುದ್ದಿ ಇಟ್ಟಿದ್ರು.”

೪. ಗೌರವ

ನಮ್ಮ ಊರಿನ ಪೇಟೆಯಲ್ಲಿ ಯಾವ ವಾಹನವೂ ಒಂಟಿಯಾಗಿ ಹಿಂದೆ ಸರಿಯುವುದಿಲ್ಲ. ಚಹಾ ಅಂಗಡಿಯ ಮುಂದೆ ನಿಂತವರು ಕಪ್ಪು ಕೆಳಗಿಟ್ಟು ಬಂದು, ಬಾನೆಟ್ಟನ್ನೋ ಡಿಕ್ಕಿಯನ್ನೋ ಅಂಗೈಯಿಂದ ಬಡಿದು, “ಯೇವೂ ದ್ಯಾ, ಯೇವೂ ದ್ಯಾ” ಎಂದು ಮರಾಠಿಯಲ್ಲಿ ದಾರಿ ತೋರಿಸುವುದು ಇಲ್ಲಿಯ ರೂಢಿ. ಬರಲಿ ಬರಲಿ ಎಂದರ್ಥ. ವಾಹನ ಯಾರದೆಂದು ಕೇಳುವುದಿಲ್ಲ. ಕೃತಜ್ಞತೆಯನ್ನೂ ಬಯಸುವುದಿಲ್ಲ. ಬಯಸುವುದು ಒಂದನ್ನೇ: ಚಾಲಕ ತಮ್ಮ ಮಾತು ಕೇಳಬೇಕು.

ಸಾವುಕಾರರು ಪರದೆ ನೋಡಿಕೊಂಡು ಹಿಂದೆ ಸರಿಯತೊಡಗಿದ ಮೇಲೆ ಇವರಿಗೆ ನೋವಾಯಿತು. ಒಬ್ಬರು ಕಿಟಕಿಯ ಬಳಿ ಬಂದು ಕೇಳಿಯೇಬಿಟ್ಟರು. “ಸಾವ್ಕಾರ, ನಮ್ ಕಡಿಂದ ಏನ್ ಚೂಕ್ ಆಗ್ಯದ? ಈಗ ನಮ್ಮ ಕಡಿ ಹೊಳ್ಳಿ ಸೈತ ನೋಡಂಗಿಲ್ಲ.”

ಸಾವುಕಾರರು ವ್ಯಾಪಾರಸ್ಥರು; ನಾಲ್ಕು ಜನರ ಮನಸ್ಸು ಮುರಿಯಲಾರರು. ಹೆಗಲ ಮೇಲಿನ ಟವೆಲ್ಲು ತೆಗೆದು ಪರದೆಯ ಮೇಲೆ ಹೊದಿಸಿದರು. “ನಡೀರಿ. ನೀವು ಅಂದಂಗ.”

ಅವರು ಅಂದ ಹಾಗೆಯೇ ಆಯಿತು. ಹಿಂದಿನ ಚಕ್ರ ಗಟಾರದಲ್ಲಿ ಇಳಿಯಿತು. ಎಲ್ಲರೂ ಸೇರಿ ಎತ್ತಿ ಮೇಲಿಟ್ಟರು. ಕೈ ಒರೆಸಿಕೊಳ್ಳುತ್ತಾ ಅದೇ ಗೃಹಸ್ಥರು, ಹಿಡಿಕೆಯಿಂದ ಇಣುಕುತ್ತಿದ್ದ ಕ್ಯಾಮೆರಾವನ್ನು ನೋಡಿ, ತೀರ ಬೇಸರದಿಂದ ಹೇಳಿದರು:

“ಇಂಥಾದ್ದು ಇಟ್ಕೊಂಡೂ ನಿಮಗ ಗಟಾರ ಕಾಣ್ಲಿಲ್ಲೇನ್ರೀ?”

ಅಂದು ಸಂಜೆ ಪಕ್ಕದ ಮನೆಯಿಂದ ಸೊಸೆಯ ಮಾತು ನನ್ನ ಪಡಸಾಲೆಯವರೆಗೂ ಕೇಳಿತು. “ಕಣ್ಣಿಗಿ ಟವೆಲ್ ಹೊಚ್ಚೋರ ಕೈಯಾಗ ಚಾವಿ. ತೆರದು ನೋಡೋರಿಗಿ ಎಸ್‌ಟಿ ಬಸ್ಸು. ಇದೇನ್ ನ್ಯಾಯ?”

ನನಗೂ ನ್ಯಾಯವೆನಿಸಲಿಲ್ಲ. ಆದರೆ ಕೇಳದೆ ಅಭಿಪ್ರಾಯ ಕೊಡುವುದು ನನ್ನ ಪದ್ಧತಿಯಲ್ಲ.

೫. ದೇವಣಿಯಲ್ಲಿ

ದೇವಣಿಯ ದನದ ಸಂತೆಯಲ್ಲಿ ವಲಾಂಡಿಯ ಒಬ್ಬ ರೈತರಿಗೆ ಶೇಂಗಾ ಹಿಂಡಿ ಮುಟ್ಟಿಸುವುದಿತ್ತು. ಸಾವುಕಾರರು ಚೀಲವನ್ನು ಡಿಕ್ಕಿಯಲ್ಲೇ ಹಾಕಿಕೊಂಡರು. ಸೊಸೆಯೂ ನಾನೂ ಜೊತೆಗಿದ್ದೆವು. ಸಂತೆಯಲ್ಲಿ ಚೀಲ ಇಳಿಸಿದವರು ಹಿಂಡಿ ಮೆತ್ತಿದ ಕೈಯಿಂದಲೇ ಡಿಕ್ಕಿ ಮುಚ್ಚಿದ್ದರು.

ಹೊರಡಲು ಸಾವುಕಾರರು ರಿವರ್ಸ್ ಗೇರ್ ಹಾಕಿದರು. ಪರದೆಯಲ್ಲಿ ಒಂದು ಗಳಿಗೆ ಸಂತೆ ಕಂಡಿತು. ಮರುಗಳಿಗೆ ಎಲ್ಲವೂ ನಸುಗೆಂಪು.

“ಹೊಸಾ ಗಾಡಿ, ಆಗ್ಲೇ ಕೆಟ್ಟೋಯ್ತು” ಎಂದರು ಸಾವುಕಾರರು.

ಸೊಸೆ ಪರದೆಯನ್ನು ಪರೀಕ್ಷಿಸಿದಳು. “ಕೆಟ್ಟಿಲ್ರೀ. ಯಾರೋ ನೆಕ್ಕಲಕತ್ತಾರ.”

ಸೊಸೆಯೂ ನಾನೂ ಇಳಿದು ನೋಡಿದೆವು. ಬಿಳಿ ಮೈಯ ಮೇಲೆ ಕಪ್ಪು ಮಚ್ಚೆಗಳಿದ್ದ ಭವ್ಯವಾದ ದೇವಣಿ ಹೋರಿಯೊಂದು, ಹಿಂಡಿಯ ರುಚಿ ಹಿಡಿದು, ಕ್ಯಾಮೆರಾವನ್ನು ಶ್ರದ್ಧೆಯಿಂದ ನೆಕ್ಕುತ್ತಿತ್ತು. ಸಾವುಕಾರರು ಗೇರ್ ಬದಲಿಸಿದರು. ಕ್ಯಾಮೆರಾ ಒಳಗೆ ಹೋಯಿತು. ಹೋರಿ ಅವಾಕ್ಕಾಗಿ ನಿಂತು, ಮೂತಿಯಿಂದ ಹಿಡಿಕೆಯನ್ನು ತಟ್ಟಿತು. ಮತ್ತೆ ರಿವರ್ಸ್. ಮತ್ತೆ ಕ್ಯಾಮೆರಾ. ಮತ್ತೆ ನಾಲಿಗೆ. ಸಂತೆ ವ್ಯಾಪಾರ ಬಿಟ್ಟು ಸುತ್ತಲೂ ನೆರೆಯಿತು.

ಹೋರಿಯ ಒಡೆಯ ಅವಸರವಿಲ್ಲದೆ ಬಂದು, ಕಿಟಕಿಯಲ್ಲಿ ತಲೆ ಹಾಕಿ, ಪರದೆಯನ್ನು ನೋಡಿದ. “ಸಾವ್ಕಾರ, ಸಂತ್ಯಾಗ ಎಲ್ಲಾರೂ ಹಲ್ಲ್ ನೋಡಿ ತಗೋತಾರ. ನೀವು ಗಂಟಲತನಾ ನೋಡೀರಿ. ಈಗ ವಲ್ಲೆ ಅಂದ್ರ ಹೆಂಗ?”

೬. ಪರೀಕ್ಷೆ

ಮದುವೆ ಹತ್ತಿರ ಬಂದಿತು. ಮನೆಯೊಳಗಿನ ವಾದ ಮುಗಿಯಲಿಲ್ಲ. ಕೊನೆಗೆ ಸಾವುಕಾರರು ಒಂದು ಉಪಾಯ ಹೂಡಿದರು. “ಗುರೂಜಿ ಪಾಸ್ ಮಾಡಿದ್ರ ಚಾವಿ ಕೊಡ್ತೀನಿ.” ನಾನು ಯಾರನ್ನೂ ಸುಲಭವಾಗಿ ಉತ್ತೀರ್ಣಗೊಳಿಸುವವನಲ್ಲವೆಂಬ ಕೀರ್ತಿ ತಾಲೂಕಿನಲ್ಲಿ ಇನ್ನೂ ಇದೆ. ಅವರು ಅದನ್ನು ನಂಬಿಯೇ ಈ ಮಾತು ಆಡಿದ್ದರು. ಸೊಸೆ ನನ್ನತ್ತ ನೋಡಿ, “ನಡೀತದ್ರೀ. ಗುರೂಜಿ ಮುಲಾಜು ಮಾಡಂಗಿಲ್ಲ, ಮೋಸಾನೂ ಮಾಡಂಗಿಲ್ಲ” ಎಂದಳು. ಇದು ನನಗೆ ಹಿಡಿಸಿತು.

ನಿಯಮಗಳನ್ನು ಹೇಳಿದೆ. ಕಾರಿನಲ್ಲಿ ಪರೀಕ್ಷಾರ್ಥಿಯ ಹೊರತು ಯಾರೂ ಇರಕೂಡದು. ಹಿಂದೆ ಯಾರೂ ನಿಲ್ಲಕೂಡದು. ಯಾರೂ ಬಾಯಿ ತೆರೆಯಕೂಡದು. ತೆರೆದರೆ ಪರೀಕ್ಷೆ ರದ್ದು. ಓಣಿಯನ್ನು ತುದಿಯವರೆಗೆ ನಡೆದು ಪರಿಶೀಲಿಸಿದೆ. ಒಂದು ಕಲ್ಲನ್ನು ಬದಿಗೆ ಸರಿಸಿ ಹಿಂದಿರುಗಿದೆ.

ನಾನು ಹಿಂದಿರುಗಿ ಸಾವುಕಾರರಿಗೆ ನಿಯಮಗಳನ್ನು ಎರಡನೆಯ ಬಾರಿ ವಿವರಿಸುತ್ತಿದ್ದಾಗ ಅತ್ತೆ ಒಂದು ಕೆಲಸ ಮಾಡಿದ್ದರು. ಮದುವೆಗೆ ಒಯ್ಯಲೆಂದು ಶಾವಿಗೆ ಹೊಸೆದಿದ್ದರು. ಆ ಹೊತ್ತಿಗೆ ಬಿಸಿಲು ಬಿದ್ದಿದ್ದುದು ಓಣಿಯ ಬಾಯಲ್ಲಿ ಮಾತ್ರ. ಶಾವಿಗೆ ಹರವಿದ ಹೊರಸನ್ನು ಅಲ್ಲಿಗೆ ಎಳೆದಿಟ್ಟು, ಏನೂ ಆಗಿಲ್ಲವೆಂಬಂತೆ ಬಂದು ಹೊಸ್ತಿಲ ಮೇಲೆ ನಿಂತಿದ್ದರು.

ಕಾರು ಹೊರಟಿತು. ಹಿಡಿಕೆ ತೆರೆಯಿತು. ಸೊಸೆ ಒಂದೇ ಹದದಲ್ಲಿ, ಎಡಬಲದ ಗೋಡೆಗಳಿಗೆ ಸಮಾನ ಅಂತರ ಉಳಿಸಿ, ಹಿಂದೆ ಸರಿಯುತ್ತಿದ್ದಳು. ಸಾವುಕಾರರ ಮುಖ ಬಾಡುತ್ತಿತ್ತು. ನಾನು ಮನಸ್ಸಿನಲ್ಲೇ ಅಂಕ ಕೊಡುತ್ತಿದ್ದೆ.

ಆಗ ಅತ್ತೆಗೆ ಹೊರಸಿನ ನೆನಪಾಯಿತು. “ಏ! ಏ! ಏ!” ಎಂದು ಕೂಗಿದರು.

ಇಲ್ಲಿ ಭಾಷೆಯ ವಿಷಯ ಒಂದಿದೆ. ನಮ್ಮ ಕನ್ನಡದಲ್ಲಿ ‘ಏ’ ಎಂದು ಗದರಿದರೆ ನಿಲ್ಲು ಎಂದರ್ಥ. ಮರಾಠಿಯಲ್ಲಿ ‘ಯೇ’ ಎಂದರೆ ಬಾ. ಕಿವಿಗೆ ಎರಡೂ ಒಂದೇ. ಸೊಸೆ ಮನೆಯಲ್ಲಿ ಕನ್ನಡ ಆಡಿದರೂ, ಚಾಲನೆ ಕಲಿತದ್ದು ಮರಾಠಿಯಲ್ಲಿ. ಸ್ಟೇರಿಂಗ್ ಹಿಡಿದಾಗ ಆಕೆಯ ಕಿವಿಯೂ ಮರಾಠಿ.

ಅತ್ತೆ ಎಷ್ಟು ಜೋರಾಗಿ ನಿಲ್ಲು ಎಂದರೋ, ಸೊಸೆಗೆ ಅಷ್ಟು ಜೋರಾಗಿ ಬಾ ಎಂದು ಕೇಳಿಸಿತು. ಒಳಗೆ ಪೀಪೀ ಆರಂಭವಾಯಿತು. ಸಾವುಕಾರರು ಕೂಗಲು ಬಾಯಿ ತೆರೆದರು. ನಾನು ಬೆರಳೆತ್ತಿ ನಿಯಮ ನೆನಪಿಸಿದೆ. ಅವರು ಬಾಯಿ ಮುಚ್ಚಿದರು. “ಏ! ಏ! ಏ!” ಮುಂದುವರಿಯಿತು.

ಕಾರು ನಿಂತಿತು. ಹೊರಸಿಗೂ ಕಾರಿಗೂ ನಡುವೆ ಒಂದು ಗೇಣು. ಕಿಟಕಿಯ ಗಾಜು ಇಳಿಯಿತು, ಸೊಸೆಯ ತಲೆ ಹೊರಬಂದಿತು. ಕಣ್ಣಲ್ಲಿ ನೀರಿತ್ತು.

“ಅತ್ತಿ, ಮಾಫ್ ಮಾಡ್ರಿ. ನೀವು ಎಷ್ಟ್ ಕರದ್ರೂ ನಾ ಬರಂಗಿಲ್ಲ. ನಪಾಸ್ ಆದ್ರೂ ಬರಂಗಿಲ್ಲ. ಹಿಂದ ಯಾರದೋ ಶಾವಿಗಿ ಅದ.”

“ಯಾರದೋ ಅಲ್ಲ, ನಂದೇ! ನಾ ಎಲ್ಲೆ ಬಾ ಅಂದೆ? ‘ಏ’ ಅಂದೆ!”

“ಅದೇ ಅಲ್ರೀ, ‘ಯೇ’ ಅಂದ್ರಿ!”

“‘ಯೇ’ ಅಲ್ಲ, ‘ಏ’!”

ಸಾವುಕಾರರು ಕೈ ಎತ್ತಿದರು. “ಗುರೂಜಿ, ಈಗ ಮಾತಾಡ್ಲೇನು?”

“ಮಾತಾಡಿ.”

“ಪಾಸೋ, ನಪಾಸೋ?”

ನಾನು ಯೋಚಿಸಿದೆ. ಸೊಸೆಯ ಚಾಲನೆಯಲ್ಲಿ ಲೋಪವಿರಲಿಲ್ಲ. ಆದರೆ ನಿಯಮ ನಿಯಮವೇ. “ಪರೀಕ್ಷೆಯ ನಡುವೆ ಹೊರಗಿನವರು ಕೂಗಿದ್ದಾರೆ. ಪರೀಕ್ಷೆ ರದ್ದು. ಮುಂದಿನ ವಾರ ಮತ್ತೊಮ್ಮೆ.”

ಮುಂದಿನ ವಾರಕ್ಕೆ ಮದುವೆ ಮುಗಿದಿರುತ್ತಿತ್ತು. ಸಾವುಕಾರರ ಮುಖ ಅರಳಿತು. ಚಾವಿ ಇಸಿದುಕೊಳ್ಳಲು ಕಿಟಕಿಯತ್ತ ಕೈ ಚಾಚಿದರು. ಸೊಸೆ ಎಂಜಿನ್ ನಿಲ್ಲಿಸಿ ಚಾವಿ ಕಳಚಿದಳು.

ಅತ್ತೆ ಹೊರಸಿನ ಬಳಿಗೆ ನಡೆದು ಹೋದರು. ಶಾವಿಗೆಯ ಒಂದು ಎಳೆಯನ್ನು ಎತ್ತಿ ನೋಡಿದರು, ಮುರಿದಿರಲಿಲ್ಲ. ಅಲ್ಲಿಂದ ಬಂದು, ಮಗನ ಚಾಚಿದ ಕೈಯನ್ನು ಕೆಳಗೆ ಸರಿಸಿ, ಇಡೀ ಓಣಿಗೆ ಕೇಳುವಂತೆ ಹೇಳಿದರು:

“ಮಾಸ್ತರ, ನಿಮ್ಮ ಕಾನೂನು ನಿಮ್ಮ ಸಾಲ್ಯಾಗ ಇಟ್ಕೊಳ್ರಿ. ಈಕಿ ಈ ಮನಿಗಿ ಬಂದಾಗಿಂದ ನಾ ಅಂದದ್ದಕ್ಕೆಲ್ಲಾ ಹೂಂ ಅಂದಾಳ. ಇವತ್ತೊಂದಿನ ನನ್ ಮಾತ್ ಕೇಳ್ಲಿಲ್ಲ, ನನ್ ಶಾವಿಗಿ ಉಳೀತು. ಪಾಸ್!”