ವಿಷಯ ಸಂಖ್ಯೆ ಮೂವತ್ತೇಳು

ಎಲ್ಲಕ್ಕೂ ಕಾರಣ ಆ ಇಸ್ತ್ರಿ ಮಾಡಿದ ಬಿಳಿ ಅಂಗಿ.

ಬಂಡೆಪೇಟೆ ಪುರಸಭೆಯ ಹಂಗಾಮಿ ವಾಲ್‌ಮನ್ ಅಯ್ಯಣ್ಣ ಹದಿನಾಲ್ಕು ವರ್ಷಗಳಿಂದ ದಿನಾ ಬೆಳಿಗ್ಗೆ ಗುಂಡಿಗೆ ಇಳಿದು, ಕಬ್ಬಿಣದ ಚಾವಿ ತಿರುವಿ, ಸರದಿಯ ಪ್ರಕಾರ ಒಂದೊಂದು ವಾರ್ಡಿಗೆ ನೀರು ಬಿಡುತ್ತಿದ್ದ. ಅವತ್ತು ಒಂಬತ್ತನೇ ವಾರ್ಡಿನ ಸರದಿ. ಆ ವಾರ್ಡಿನ ಗುಂಡಿ ಪುರಸಭೆಯ ಹಿಂದಿನ ಗೋಡೆಗೆ ಅಂಟಿಕೊಂಡೇ ಇದೆ. ಅದರಲ್ಲಿ ಸೊಂಟದವರೆಗೆ ಕೆಸರು. ಅಯ್ಯಣ್ಣ ಗುಂಡಿಯ ತನಕ ಹೋದ. ಕೆಸರು ನೋಡಿದ, ಅಂಗಿ ನೋಡಿಕೊಂಡ. ಮೀಟಿಂಗ್ ಮುಗಿದ ಮೇಲೆ ಬಿಟ್ಟರಾಯಿತು ಎಂದು ಚಾವಿಯನ್ನು ಹೆಗಲಿಗೆ ಹಾಕಿಕೊಂಡು ಆಫೀಸಿನ ಬಾಗಿಲಿಗೆ ಬಂದ.

ಬಿಳಿ ಅಂಗಿ ಹಾಕಿಕೊಳ್ಳಲು ಕಾರಣವಿತ್ತು. ಅವತ್ತಿನ ಸಾಮಾನ್ಯ ಸಭೆಯ ಪಟ್ಟಿಯಲ್ಲಿ ಅವನ ಹೆಸರಿತ್ತು. 'ವಿಷಯ ಸಂಖ್ಯೆ ಮೂವತ್ತೇಳು: ಹಂಗಾಮಿ ವಾಲ್‌ಮನ್ ಅಯ್ಯಣ್ಣ ಇವರನ್ನು ಖಾಯಂ ಮಾಡುವ ಕುರಿತು.'

ಹಂಗಾಮಿ ಎಂದರೆ ಹನ್ನೊಂದು ತಿಂಗಳು ಕೆಲಸ, ಒಂದು ದಿನ ಮನೆ, ಮರುದಿನದಿಂದ ಮತ್ತೆ ಹನ್ನೊಂದು ತಿಂಗಳು. ಆ ಒಂದು ದಿನ ಅಯ್ಯಣ್ಣ ಪುರಸಭೆಗೆ ಏನೂ ಅಲ್ಲ. ಆದರೆ ಅದು ನಳಕ್ಕೆ ತಿಳಿಯುತ್ತಿರಲಿಲ್ಲ. ಜನ ಮನೆಗೇ ಬಂದು ಎಬ್ಬಿಸುತ್ತಿದ್ದರು. "ಇವತ್ತ ನಾ ನೌಕರ ಅಲ್ರಿ" ಎಂದರೆ, "ಆತು ಬಿಡ್ರಿ, ನೌಕರ ಆಗಬ್ಯಾಡ್ರಿ, ನೀರಷ್ಟ ಬಿಡ್ರಿ" ಎನ್ನುತ್ತಿದ್ದರು. ಅವನ ಹೆಂಡತಿ ದೇವಕ್ಕ ಬೆಳಿಗ್ಗೆ ಅಂಗಿಯ ಗುಂಡಿ ತಾನೇ ಹಾಕಿ ಕಳಿಸಿದ್ದಳು. "ಖಾಯಂ ಆಗೇ ಮನಿಗಿ ಬರ್ರಿ. ಓಣಿಗಿ ಸಕ್ಕರಿ ಹಂಚಾಕ ತಂದಿಟ್ಟೀನಿ."

ಆಫೀಸಿನಲ್ಲಿ ಮುಖ್ಯಾಧಿಕಾರಿ ನಿಂಗರಾಜ ಸಾಹೇಬರು ಅವನನ್ನು ಕಂಡದ್ದೇ ಕೂಗಿದರು. "ಅಯ್ಯಣ್ಣ, ಬೈಕ್ ತಗಿ!"

ಇಪ್ಪತ್ಮೂರು ಸದಸ್ಯರಲ್ಲಿ ಹನ್ನೆರಡು ಮಂದಿ ಬರದಿದ್ದರೆ ಸಭೆ ನಡೆಯುವುದಿಲ್ಲ. ಹನ್ನೊಂದು ಮಂದಿ ಸಹಿ ಮಾಡಿ, ಚಹಾ ಕುಡಿದು, ಬಿಸ್ಕೀಟು ಮುಗಿಸಿ ಕೂತಿದ್ದರು. ಹನ್ನೆರಡನೆಯವರು ನಾಲ್ಕನೇ ವಾರ್ಡಿನ ಬಾಲರಾಜ. ಅವರು ಕೆಂಭಾವಿ ಸಂತೆಯಲ್ಲಿ ಟಗರು ನೋಡುತ್ತಿದ್ದಾರೆ ಎಂದು ಸುದ್ದಿ.

"ಸಾಹೇಬ್ರ, ನಾ ಇವತ್ತ ಬಿಳಿ ಅಂಗಿ..."

"ಮೀಟಿಂಗ ಆಗ್ಲಿಲ್ಲಂದ್ರ ಮೂವತ್ತೇಳೂ ಇಲ್ಲ, ಬಿಳಿ ಅಂಗೀನೂ ಇಲ್ಲ. ಮುಂದಿನ ಮೀಟಿಂಗ ಮೂರ ತಿಂಗಳಿಗಿ."

ಅಯ್ಯಣ್ಣ ಬೈಕು ತೆಗೆದ.

ಸಂತೆಯಲ್ಲಿ ಬಾಲರಾಜ ಒಂದು ಟಗರಿನ ಬಾಯಿ ತೆರೆದು ಹಲ್ಲು ಎಣಿಸುತ್ತಿದ್ದರು. "ಬರತೀನಪಾ. ಆದ್ರ ಇದನ್ನ ಯಾರಿಗಿ ಒಪ್ಪಿಸ್ಲಿ? ಟಗರ ಬಂದ್ರ ನಾನೂ ಬಂದೆ. ಟಗರ ಇಲ್ಲಂದ್ರ ನಾನೂ ಇಲ್ಲ."

ಹೀಗೆ ಬಂಡೆಪೇಟೆ ಪುರಸಭೆಯ ಹನ್ನೆರಡನೇ ಸದಸ್ಯರು ಬೈಕಿನ ಹಿಂದೆ, ಅಯ್ಯಣ್ಣ ಮುಂದೆ, ನಡುವೆ ಟಗರು ಕೂತು ಹೊರಟರು. ಟಗರು ಹಳೆಯ ಗೆಳೆಯನ ಹಾಗೆ ಅಯ್ಯಣ್ಣನ ಹೆಗಲ ಮೇಲೆ ಗದ್ದ ಇಟ್ಟಿತ್ತು. ಎರಡು ಊರು ದಾಟುವುದರೊಳಗೆ ಅವನ ಕಾಲರನ್ನು ಅರ್ಧ ತಿಂದಿತ್ತು.

"ಮಾಲಕ್ರ, ಇದು ನನ್ನ ಅಂಗಿ ತಿನ್ನಾಕತ್ತಾದ!"

"ತಿನ್ಲಿ ಬಿಡು, ಗಂಜಿ ಹಾಕಿದ ಬಟ್ಟಿ ಅದಕ್ಕ ರುಚಿ."

ಮಧ್ಯಾಹ್ನ ಎರಡಕ್ಕೆ ಸಭೆ ಶುರುವಾಯಿತು. ಟಗರನ್ನು ಸಭಾಂಗಣದ ಬಾಗಿಲ ಚಿಲಕಕ್ಕೆ ಕಟ್ಟಿದರು. ಅಯ್ಯಣ್ಣ ಒಳಗೆ ಬಂದ. ಹದಿನಾಲ್ಕು ವರ್ಷದಲ್ಲಿ ಸಭೆ ನಡೆಯುವಾಗ ಅವನು ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮೇಜಿನ ಮೈಕುಗಳೆಲ್ಲ ಕೆಟ್ಟಿದ್ದವು. ಉಳಿದದ್ದು ಒಂದೇ ವೈರ್ ಇಲ್ಲದ ಮೈಕು. ಯಾರು ಮಾತಾಡುತ್ತಾರೋ ಅವರ ಬಾಯಿಗೆ ಅದನ್ನು ಓಡಿ ಹಿಡಿಯುವ ಕೆಲಸ ಅವನಿಗೆ ಬಿತ್ತು.

ಸಭೆಯ ನಿರ್ಣಯಗಳನ್ನು ಠರಾವು ಪುಸ್ತಕದಲ್ಲಿ ಬರೆಯುವ ಸಾವಿತ್ರಿಬಾಯಿ ಕನ್ನಡಕ ಏರಿಸಿ ಹೇಳಿದರು. "ನೋಡಪಾ, ಮೈಕ ಸರಿಯಾಗಿ ಹಿಡಿ. ಮೈಕಿನ್ಯಾಗ ಬಂದದ್ದ ಬರೀತೀನಿ. ಮೈಕಿನ್ಯಾಗ ಬರಲಾರದ್ದು ಅಧ್ಯಕ್ಷರ ಅಂದ್ರೂ ಬರಿಯಂಗಿಲ್ಲ."

ಅಯ್ಯಣ್ಣ ಸುತ್ತಲೂ ನೋಡಿದ. ಎತ್ತರದ ಕುರ್ಚಿಯಲ್ಲಿ ಅಧ್ಯಕ್ಷೆ ಉಮಾಶ್ರೀ. ಎರಡೂ ಕಡೆ ತಿರುಗುವ ಕುರ್ಚಿಗಳು. ಅವುಗಳಲ್ಲಿ ಕೂತವರು ಆಗಾಗ ಸುಮ್ಮನೆ ಒಂದು ಸುತ್ತು ತಿರುಗಿ ಮೊದಲಿನ ಕಡೆಗೇ ಬಂದು ನಿಲ್ಲುತ್ತಿದ್ದರು. ನಿಂಗರಾಜ ಸಾಹೇಬರು ಓದಲು ಶುರು ಮಾಡಿದರು.

"ವಿಷಯ ಒಂದು. ಹಿಂದಿನ ಸಭಾ ನಡವಳಿ."

"ಮಂಜೂರ!"

"ವಿಷಯ ಎರಡು. ಬಸ್ ನಿಲ್ದಾಣದ ಹತ್ತಿರ ಚರಂಡಿ."

"ಮಂಜೂರ!"

ಅಯ್ಯಣ್ಣನ ಮೈ ಜುಮ್ಮೆಂದಿತು. ಒಂದು ವಾಲ್ ತಿರುವಲು ಅವನಿಗೆ ಹತ್ತು ನಿಮಿಷ ಬೇಕು, ಎರಡು ತೋಳಿನ ಬಲ ಬೇಕು. ಇವರು ಕುರ್ಚಿಯಿಂದ ಏಳದೆ, ಒಂದು ಮಾತಿನಲ್ಲಿ, ಚರಂಡಿಯನ್ನು ಬಸ್ ನಿಲ್ದಾಣದಿಂದ ಹಳ್ಳದವರೆಗೆ ಹರಿಸಿಬಿಟ್ಟರು. ಮೂರನೇ ವಿಷಯಕ್ಕೆ ಆರು ಬೀದಿ ದೀಪ ಹತ್ತಿದವು. ಐದಕ್ಕೆ ಒಂದು ಉದ್ಯಾನ ಹಸಿರಾಯಿತು.

"ವಿಷಯ ಎಂಟು. ಬೀದಿ ನಾಯಿಗಳ ಕುರಿತು."

"ಮಂಜೂರ!"

ನಾಯಿಗಳ ಬಗ್ಗೆ ಏನು ಎಂದು ಯಾರೂ ಕೇಳಲಿಲ್ಲ. ನಾಯಿಗಳು ಮಂಜೂರಾದವು. ಇಷ್ಟು ದೊಡ್ಡ ಕೆಲಸ ಇಷ್ಟು ಬೇಗ ಆಗುವ ಜಾಗ ಭೂಮಿಯ ಮೇಲೆ ಬೇರೆ ಇರಲಾರದು ಎಂದು ಅಯ್ಯಣ್ಣನಿಗೆ ಅನ್ನಿಸಿತು. ಇನ್ನು ಸ್ವಲ್ಪ ಹೊತ್ತಿಗೆ ಇದೇ ಮಾತು ತನ್ನ ಮೇಲೂ ಬೀಳುತ್ತದೆ. ಅವನ ಕೈಯಲ್ಲಿದ್ದ ಮೈಕು ಬೆವರಿನಿಂದ ಜಾರತೊಡಗಿತು.

"ವಿಷಯ ಹತ್ತೊಂಬತ್ತು. ಮಟನ್ ಮಾರ್ಕೆಟ್ ಮಳಿಗೆಗಳ ಟೆಂಡರ್."

"ಬ್ಯಾ!" ಎಂದಿತು ಬಾಗಿಲ ಕಡೆಯಿಂದ.

ಅಧ್ಯಕ್ಷೆ ಕತ್ತೆತ್ತಿದರು. "ಯಾರ್ರಿ ಅದು, ಬ್ಯಾಡ ಅಂದವರು?"

"ಟಗರ್ರಿ, ಮೇಡಂ."

"ಯಾವ ವಾರ್ಡಿಂದು?"

"ನಂದ್ರಿ" ಎಂದರು ಬಾಲರಾಜ. "ಅದಕ್ಕ ಮಟನ್ ಅಂದ ಕೂಡ್ಲೇ ಆಗಿಬರಂಗಿಲ್ಲ."

"ಮೈಕಿನ್ಯಾಗ ಬಂದಿಲ್ರಿ, ಬರಿಯಂಗಿಲ್ಲ" ಎಂದರು ಸಾವಿತ್ರಿಬಾಯಿ, ಪೆನ್ನು ಎತ್ತಿ ಹಿಡಿದು. ಟೆಂಡರ್ ಮಂಜೂರಾಯಿತು.

ಮೂವತ್ತಾರು ಮುಗಿಯಿತು. ನಿಂಗರಾಜ ಸಾಹೇಬರು ಹಾಳೆ ತಿರುವಿದರು. "ವಿಷಯ ಮೂವತ್ತೇಳು. ಹಂಗಾಮಿ ವಾಲ್‌ಮನ್..."

ಬಾಗಿಲು ದಡಾರನೆ ತೆರೆಯಿತು. ಮೊದಲು ಟಗರು ಬಂತು, ಅದರ ಹಿಂದೆ ಹತ್ತು ಖಾಲಿ ಕೊಡ. ಕೊಡಗಳ ಹಿಂದೆ ಒಂಬತ್ತನೇ ವಾರ್ಡಿನ ಹೆಂಗಸರು. ಎಲ್ಲರ ಮುಂದೆ ರೇಣಮ್ಮ. ಗುಂಡಿಯ ಎದುರಿನ ಮನೆಯವಳು.

"ಎಲ್ಲಿ ಅದಾನ್ರಿ ಅಂವ, ಬಿಳಿ ಅಂಗಿ ಸಾಹೇಬ? ಮುಂಜಾನಿ ಗುಂಡಿ ತನಾ ಬಂದು, ಹಣಕಿ ಹಾಕಿ, ಹೊಳ್ಳಿ ಹೋಗ್ಯಾನ. ನಾ ಕಟ್ಟಿ ಮ್ಯಾಲ ಕುಂತು ಕಣ್ಣಾರೆ ನೋಡೀನಿ!"

ಒಂಬತ್ತನೇ ವಾರ್ಡಿನ ಸದಸ್ಯೆ ಹಜರಾಬೀ ಎದ್ದು ನಿಂತು ಕೈ ಚಾಚಿದರು. ಅಯ್ಯಣ್ಣ ರೂಢಿಯಂತೆ ಓಡಿಹೋಗಿ ಅವರ ಬಾಯಿಗೆ ಮೈಕು ಹಿಡಿದ.

"ಮೇಡಂ, ನಾಕ ದಿನಕ್ಕೊಮ್ಮಿ ನೀರು. ಇವತ್ತ ಅದೂ ಇಲ್ಲ. ಹಂಗಾಮಿ ಇದ್ದಾಗ್ಲೇ ಇಂವ ಹಿಂಗ ಮಾಡತಾನಂದ್ರ, ಖಾಯಂ ಆದ ಮ್ಯಾಲ ಗುಂಡಿ ಕಡಿ ಹೊಳ್ಳಿ ನೋಡತಾನೇನ್ರಿ?" ಹಜರಾಬೀ ಪಕ್ಕಕ್ಕೆ ತಿರುಗಿ, "ಮೈಕ ಜರಾ ಮ್ಯಾಲ ಹಿಡಿ" ಎಂದು ಅಯ್ಯಣ್ಣನಿಗೇ ಹೇಳಿದರು. ಅವನು ಮೇಲೆ ಹಿಡಿದ.

"ಹಂಗಾರ ಈ ವಿಷಯ ಮುಂದಕ್ಕ ಹಾಕೂನೇನು?" ಎಂದರು ಅಧ್ಯಕ್ಷೆ.

ಮುಂದಕ್ಕೆ ಎಂದರೆ ಮೂರು ತಿಂಗಳು. ಮೂರು ತಿಂಗಳಿಗೆ ಚುನಾವಣೆ. ಆಮೇಲೆ ಯಾರೋ, ಎಲ್ಲೋ. "ಮೇಡಂ, ಹತ್ತ ಮಿನಿಟ ಕೊಡ್ರಿ!" ಎಂದವನೇ ಅಯ್ಯಣ್ಣ ಬಾಗಿಲ ಮೂಲೆಯಲ್ಲಿ ಇಟ್ಟಿದ್ದ ಚಾವಿ ಎತ್ತಿಕೊಂಡು ಓಡಿದ. ಮೈಕು ಅವನ ಕೈಯಲ್ಲೇ ಇತ್ತು. ಗುಂಡಿಗೆ ಇಳಿಯುವಾಗ ಅದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡ. ಆರಿಸುವುದು ಅವನಿಗೆ ಹೊಳೆಯಲಿಲ್ಲ.

ಸಭಾಂಗಣದ ಸ್ಪೀಕರಿನಲ್ಲಿ ಮೊದಲು ಓಟದ ಏದುಸಿರು ಬಂತು. ಆಮೇಲೆ ದಬಕ್ ಎಂಬ ಸದ್ದು. ಆಮೇಲೆ ಕಬ್ಬಿಣ ಕಿರ್ರೆನ್ನುವುದು, ಮನುಷ್ಯ ಮುಲುಕುವುದು, "ತಿರಗ ಯವ್ವಾ, ತಿರಗ ನಮ್ಮವ್ವಾ" ಎಂದು ವಾಲನ್ನು ಬೇಡಿಕೊಳ್ಳುವುದು. ತಿರುಗುವ ಕುರ್ಚಿಗಳು ತಿರುಗುವುದನ್ನು ನಿಲ್ಲಿಸಿದವು. ಹನ್ನೆರಡು ಸದಸ್ಯರು, ಹತ್ತು ಹೆಂಗಸರು ಉಸಿರು ಹಿಡಿದು ಸ್ಪೀಕರನ್ನೇ ನೋಡತೊಡಗಿದರು. ಆ ಸಭೆಯಲ್ಲಿ ಎಷ್ಟೋ ಕೆಲಸ ಮಂಜೂರಾಗಿತ್ತು. ಒಂದು ಕೆಲಸ ನಡೆಯುವ ಸದ್ದು ಕೇಳಿಸಿದ್ದು ಅದೇ ಮೊದಲು.

ಆಮೇಲೆ ಪೈಪಿನೊಳಗಿಂದ, ದೂರದಿಂದ ರೈಲು ಬಂದ ಹಾಗೆ, ನೀರು ಬಂತು. ಗೋಡೆ ಅದುರುವಷ್ಟು ಸದ್ದು.

"ಯಪ್ಪಾ!" ಎಂದಳು ರೇಣಮ್ಮ, ಮೆಲ್ಲಗೆ. ಮರುಕ್ಷಣ ಹೆಂಗಸರೆಲ್ಲ ಕೊಡ ಎತ್ತಿಕೊಂಡು ಮನೆಗೆ ಓಡಿದರು.

ಸಾವಿತ್ರಿಬಾಯಿ ಮಾತ್ರ ಪೆನ್ನು ಎತ್ತಿ ಕೇಳಿದರು. "ಸಾಹೇಬ್ರ, ಇದು ಮೈಕಿನ್ಯಾಗ ಬಂದದ. ಏನಂತ ಬರೀಲ್ರಿ?"

ಅಯ್ಯಣ್ಣ ವಾಪಸು ಬಂದ. ಸೊಂಟದಿಂದ ಕೆಳಗೆ ಕೆಸರು, ಸೊಂಟದಿಂದ ಮೇಲೆ ನೀರು, ಕತ್ತಿನಲ್ಲಿ ಅರ್ಧ ಕಾಲರು. ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುಂಡಿಗೆ ಇಳಿದದ್ದಕ್ಕೆ ಅವನಿಗೆ ಹಿಂದೆಂದೂ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವನ ಕಣ್ಣು ಮಂಜಾಯಿತು.

ಹಜರಾಬೀ ಕೂಡ ಕರಗಿದ್ದರು. "ಅಲ್ಲಪಾ ಅಯ್ಯಣ್ಣ, ಇವತ್ತೇನೋ ಓಡಿದಿ. ಮುಂದನೂ ಹಿಂಗ ಇರತೀಯೇನು? ಮೈಕಿನ್ಯಾಗ ಹೇಳು. ಎಲ್ಲಾರೂ ಕೇಳ್ಲಿ."

ಅಯ್ಯಣ್ಣ ಮೈಕನ್ನು ಮೊದಲ ಸಲ ತನ್ನ ಬಾಯಿಗೆ ಹಿಡಿದುಕೊಂಡ. ತನ್ನ ಉಸಿರು ಇಡೀ ಸಭಾಂಗಣವನ್ನು ತುಂಬಿದ್ದು ಕೇಳಿ ಅವನಿಗೇ ಭಯವಾಯಿತು. ಎದೆ ತುಂಬಿ ಬಂದು ಕೂಗಿದ.

"ಅಕ್ಕಾರ, ನಾ ಇವತ್ತ ಹ್ಯಾಂಗ ಅದೀನೋ ಹಂಗ ಖಾಯಂ ಇರತೀನ್ರಿ! ನನ್ನಾಣಿಗೂ, ಒಂದ ಕೂದಲೆಳಿ ಬದಲಾಗಂಗಿಲ್ರಿ!"

"ಭೇಷ್!" ಎಂದರು ಬಾಲರಾಜ.

"ಮಂಜೂರ!" ಎಂದಿತು ಸಭೆ.

"ಬ್ಯಾ!" ಎಂದಿತು ಟಗರು.

"ಏ, ಸುಮ್ಕಿರು!" ಎಂದು ಅಯ್ಯಣ್ಣ ಹಲ್ಲು ಕಡಿದು ಅದರ ಕೊರಳ ಹಗ್ಗ ಜಗ್ಗಿದ. ಹದಿನಾಲ್ಕು ವರ್ಷಕ್ಕೆ ಬಂದ ಭಾಗ್ಯಕ್ಕೆ ಅಡ್ಡ ಬರುತ್ತದಲ್ಲ! ಎಲ್ಲರೂ ನಕ್ಕರು. ನಿಂಗರಾಜ ಸಾಹೇಬರು ಮೂವತ್ತೆಂಟಕ್ಕೆ ಹೋದರು.

ಅವನು ಹೊರಗೆ ಬಂದು ದೇವಕ್ಕನಿಗೆ ಫೋನು ಹಚ್ಚಿದ. "ಆತು!" ಎಂದಷ್ಟೇ ಹೇಳಲು ಸಾಧ್ಯವಾಯಿತು. ಆ ಕಡೆ ಸಕ್ಕರೆ ಡಬ್ಬಿ ತೆರೆದ ಸದ್ದು ಕೇಳಿಸಿತು. ರಸ್ತೆಯಲ್ಲಿ ತುಂಬಿದ ಕೊಡ ಹೊತ್ತು ನಿಂತು ಅದನ್ನು ಕೇಳಿಸಿಕೊಂಡ ರೇಣಮ್ಮ ಕೈ ಎತ್ತಿ, "ಖಾಯಂ ಸಾಹೇಬ್ರಿಗಿ ಶರಣ್ರಿ!" ಎಂದಳು. ಪುರಸಭೆಯ ಕಟ್ಟಡ ಅವತ್ತು ಅಯ್ಯಣ್ಣನ ಕಣ್ಣಿಗೆ ಸುರಪುರದ ಅರಮನೆಗಿಂತ ದೊಡ್ಡದಾಗಿ ಕಂಡಿತು.

ಸಂಜೆ ಐದಕ್ಕೆ ಸಾವಿತ್ರಿಬಾಯಿ ಕರೆದರು. "ಬಾ, ಠರಾವಿನ ನಕಲು ತಗೊಂಡು ಸಹಿ ಮಾಡು."

ಅಯ್ಯಣ್ಣ ಕೈ ಒರೆಸಿಕೊಂಡು ಹಾಳೆ ಹಿಡಿದ. ದುಂಡಗಿನ ಅಕ್ಷರ. ಅವನು ಗಟ್ಟಿಯಾಗಿ ಓದಿದ.

'ವಿಷಯ ಸಂಖ್ಯೆ ಮೂವತ್ತೇಳು. ಸದರಿ ಹಂಗಾಮಿ ವಾಲ್‌ಮನ್ ಅಯ್ಯಣ್ಣ ಇವರು, ತಾವು ಈ ದಿನ ಹೇಗಿರುವರೋ ಹಾಗೆಯೇ ಖಾಯಂ ಇರುವುದಾಗಿಯೂ, ಯಾವುದೇ ಬದಲಾವಣೆ ಆಗದೆಂದೂ ಸಭೆಯ ಮುಂದೆ ಆಣೆ ಮಾಡಿ ಒಪ್ಪಿಕೊಂಡ ಮೇರೆಗೆ, ಸದರಿಯವರನ್ನು ಹಂಗಾಮಿಯಾಗಿಯೇ ಖಾಯಂ ಇರಿಸಲು ಸರ್ವಾನುಮತದಿಂದ ಠರಾಯಿಸಲಾಯಿತು.'

ಅವನು ಇನ್ನೊಮ್ಮೆ ಓದಿದ. ಈ ಸಲ ಮನಸ್ಸಿನಲ್ಲಿ.

"ಬಾಯಾರ... ಹಂಗಾಮಿಯಾಗಿ ಖಾಯಂ ಅಂದ್ರ?"

"ಅಂದ್ರ ಹನ್ನೊಂದ ತಿಂಗಳು ಕೆಲಸ, ಒಂದಿನ ಮನಿ."

"ಅದು ಈಗನೂ ಅದಲ್ರಿ!"

"ಈಗ ಅದು ರೂಢಿಯೊಳಗಿತ್ತು. ಇನ್ನ ಠರಾವಿನೊಳಗ ಬಂತು. ಯಾರ ಅಪ್ಪನೂ ತಗಿಯಾಕ ಆಗಂಗಿಲ್ಲ."

"ನಾ ಹಂಗ ಅಂದಿಲ್ರಿ ಬಾಯಾರ! ನಾ ಅಂದಿದ್ದು ಬ್ಯಾರೆ!"

ಸಾವಿತ್ರಿಬಾಯಿ ಮೊಬೈಲ್ ಒತ್ತಿದರು. ಸಭೆಯ ರೆಕಾರ್ಡಿಂಗಿನಲ್ಲಿ ಅವನದೇ ದನಿ ಎದೆ ತುಂಬಿ ಕೂಗಿತು: ನಾ ಇವತ್ತ ಹ್ಯಾಂಗ ಅದೀನೋ ಹಂಗ ಖಾಯಂ ಇರತೀನ್ರಿ.

"ನಾ ಏನ್ ಮಾಡ್ಲಪಾ?" ಎಂದರು ಅವರು. ದನಿಯಲ್ಲಿ ನಿಜವಾದ ಮರುಕವಿತ್ತು. "ಮೈಕಿನ್ಯಾಗ ಬಂದದ್ದ ಬರದೀನಿ."

ಅಯ್ಯಣ್ಣ ಸಹಿ ಮಾಡಿದ. ಅವನಿಗೆ ಸಿಟ್ಟು ಕೂಡ ಬರಲಿಲ್ಲ. ಇಷ್ಟು ಮಂದಿ ಸೇರಿ, ಇಷ್ಟು ಬೇಗ, ಇಷ್ಟು ಪ್ರೀತಿಯಿಂದ, ಅವನನ್ನು ಎಲ್ಲಿದ್ದನೋ ಅಲ್ಲೇ ಇಟ್ಟಿದ್ದರು. ಅದರ ಕೈಚಳಕಕ್ಕೆ ಅವನು ಬೆರಗಾಗಿ ನಿಂತ.

"ಅಯ್ಯಣ್ಣ!" ನಿಂಗರಾಜ ಸಾಹೇಬರು ಒಳಗಿನಿಂದಲೇ ಕೂಗಿದರು. "ಬಾಲರಾಜಣ್ಣ ಕಾರಿನ್ಯಾಗ ಹೋದ್ರು. ಆ ಟಗರು ಅವರ ಮನಿಗಿ ಮುಟ್ಟಿಸಿ ಹೋಗು."

ಹಗ್ಗ ಹಿಡಿದು ರಸ್ತೆಗೆ ಇಳಿದಾಗ ಫೋನು ಬಂತು. ದೇವಕ್ಕ. ಹಿಂದೆ ಇಡೀ ಓಣಿಯ ಗದ್ದಲ.

"ರೀ, ಖರೇನ ಖಾಯಂ ಆತಲ್ಲ? ಮಂದಿ ನಂಬವಲ್ರು."

ಅಯ್ಯಣ್ಣ ಜೇಬಿನಲ್ಲಿದ್ದ ಹಾಳೆಯನ್ನು ಮುಟ್ಟಿ ನೋಡಿಕೊಂಡ. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

"ಆತು. ಠರಾವು ಕೈಯಾಗ ಅದ."

"ಯಾರೂ ಬ್ಯಾಡ ಅನ್ಲಿಲ್ಲೇನ್ರಿ?"

ಅಯ್ಯಣ್ಣ ನಿಂತುಬಿಟ್ಟ. ಕೈಯಲ್ಲಿದ್ದ ಹಗ್ಗದ ಆ ತುದಿಯನ್ನು ನೋಡಿದ. ಟಗರು ಅವನ ಅಂಗಿಯ ತೋಳನ್ನು ಮೆಲ್ಲುತ್ತ ಅವನನ್ನೇ ನೋಡುತ್ತಿತ್ತು. ಅಷ್ಟು ದೊಡ್ಡ ಸಭೆಯಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿದ್ದು ಅದೊಂದೇ. ಆದರೆ ಅದರ ಬಾಯಿಗೆ ಮೈಕು ಹಿಡಿದಿರಲಿಲ್ಲ.

ಮೈಕು ಹಿಡಿಯುವ ಕೆಲಸ ಅವತ್ತು ಅಯ್ಯಣ್ಣನದಾಗಿತ್ತು.