ತಿಂಡಿ ಕೊಟ್ಟವರು ಹೆಣ್ಣಿನ ಕಡೆ

"ಗಿರಿಜಾ, ಒಲೆ ಆರಿಸಿ ಬಾರೇ! ಇನ್ಮೇಲೆ ಇಂಟರ್‌ವ್ಯೂನಲ್ಲಿ ಫೇಲಾಗೋದು ಅನ್ನೋದೇ ಇಲ್ಲ!"

ನಮ್ಮ ಯಜಮಾನರು ಹಜಾರದಿಂದ ಹೀಗೆ ಕೂಗಿದಾಗ ನಾನು ಮೊದಲು ಒರೆಸುವ ಬಟ್ಟೆ ಹುಡುಕಿದೆ. ಅವರು ಏನನ್ನಾದರೂ ಕಂಡುಹಿಡಿದಾಗ ಮೊದಲು ಕರೆಯುವುದು ನನ್ನನ್ನೇ, ಕೊನೆಗೆ ಗೋಡೆ ಒರೆಸುವುದೂ ನಾನೇ. ತುಮಕೂರಿನ ನಮ್ಮ ಬೀದಿಯಲ್ಲಿ ನಂಜುಂಡಾರಾಧ್ಯರ ಮನೆ ಯಾವುದು ಎಂದು ಕೇಳಿ ನೋಡಿ, ಜನ ದಾರಿ ಹೇಳುವ ಮೊದಲು "ಹುಷಾರು" ಅನ್ನುತ್ತಾರೆ. ಪಾಲಿಟೆಕ್ನಿಕ್ಕಿನ ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮುದ್ದೆ ಕಟ್ಟುವ ಯಂತ್ರವೊಂದನ್ನು ಮಾಡಿದ್ದರು. ಅದು ಮೊದಲ ಮುದ್ದೆಯನ್ನೇ ಕಿಟಕಿಯಾಚೆ ಎಸೆದು ಎದುರು ಮನೆಯವರ ಸ್ಕೂಟರಿನ ಕನ್ನಡಿ ಒಡೆಯಿತು. "ವೇಗ ಸ್ವಲ್ಪ ಜಾಸ್ತಿ ಆಯ್ತು, ಆದ್ರೆ ಮುದ್ದೆ ಎಷ್ಟು ದುಂಡಗಿತ್ತು ನೋಡಿದ್ಯಾ?" ಎಂದು ವಾದಿಸಿದ ಪುಣ್ಯಾತ್ಮರು ಇವರು!

ಈ ಸಲ ಮೇಜಿನ ಮೇಲಿದ್ದದ್ದು ಒಂದು ಕಂದು ಬಣ್ಣದ ವ್ಯಾನಿಟಿ ಬ್ಯಾಗು. ಅದರ ಬಾಯಿಯ ಹತ್ತಿರ ಟೀ ಸೋಸುವ ಜರಡಿಯಂಥದ್ದೊಂದು ಗುಂಡು ಬಿಲ್ಲೆ, ಪಕ್ಕದಲ್ಲಿ ಪುಟ್ಟ ಗಾಜಿನ ಕಣ್ಣು.

"ಇದರ ಹೆಸರು ಗುಣಪ್ರಕಾಶಿನಿ. ಕೇಳಿಸ್ಕೊಳ್ಳುತ್ತೆ, ನೋಡುತ್ತೆ, ಮಾತಾಡುತ್ತೆ" ಎಂದು ಎದೆಯುಬ್ಬಿಸಿ ಅವರು ಗುಂಡಿ ಒತ್ತಿದರು. "ಎಲ್ಲಿ ಗಿರಿಜಾ, ನೀನು ಹೇಳು. ನಿನಗೆ ಅಡುಗೆ ಬರುತ್ತಾ?"

"ಏನೋ ಒಂದಿಷ್ಟು ಉಪ್ಪು ಹುಳಿ ಖಾರ ಗೊತ್ತು. ಯಾಕೀಗ?"

ಬ್ಯಾಗು ಕೆಮ್ಮಿ ಗಂಟಲು ಸರಿಮಾಡಿಕೊಂಡಿತು. "ಅಯ್ಯೋ, ಎಂಥ ಮಾತು! ಈ ತಾಯಿ ಒಗ್ಗರಣೆ ಹಾಕಿದರೆ ಆ ಬೀದಿಯವರು ತಟ್ಟೆ ಹಿಡ್ಕೊಂಡು ಈ ಬೀದಿಗೆ ಬರ್ತಾರೆ. ಕೈಯಲ್ಲಿ ಅಮೃತ ಇದೆ ಸ್ವಾಮಿ, ಅಮೃತ!"

ನಾನು ನಿಧಾನವಾಗಿ ಕುರ್ಚಿಯಲ್ಲಿ ಕೂತೆ. "ರೀ, ಇನ್ನೊಂದ್ಸಲ ಹೇಳಿಸ್ರಿ."

ಯಜಮಾನರು ವಿವರಿಸಿದರು. ನಮ್ಮ ಜನಕ್ಕೆ ತಮ್ಮನ್ನು ತಾವು ಹೊಗಳಿಕೊಳ್ಳಲು ನಾಲಿಗೆ ಏಳುವುದಿಲ್ಲ. ನಮ್ಮಲ್ಲಿ ಹೊಗಳಬೇಕಾದರೆ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಯಾರಾದರೂ "ಏನೋ ಸ್ವಲ್ಪ", "ಅಂಥದ್ದೇನಿಲ್ಲ", "ಪರವಾಗಿಲ್ಲ" ಎಂದ ತಕ್ಷಣ ಈ ಬ್ಯಾಗು ನಡುವೆ ಬಾಯಿ ಹಾಕಿ ಅವರ ಗುಣವನ್ನು ಎತ್ತಿ ಹೇಳುತ್ತದೆ. ಇದನ್ನೆಲ್ಲ ಅವರು ಮಾಡಿದ್ದು ತಮ್ಮ ತಂಗಿ ಲೀಲಾಗೋಸ್ಕರ.

ಲೀಲಾ ಎಂದರೆ ನನ್ನ ನಾದಿನಿ. ನಮ್ಮ ಜೊತೆಗೇ ಇದ್ದಾಳೆ, ನಲವತ್ತರ ಹತ್ತಿರ ವಯಸ್ಸು. ಒಂದು ಮುದ್ರಣಾಲಯದ ಉಗ್ರಾಣವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಳು. ಮುದ್ರಣಾಲಯ ಮುಚ್ಚಿತು. ಆಮೇಲೆ ಎಲ್ಲಿ ಸಂದರ್ಶನಕ್ಕೆ ಹೋದರೂ "ನಿಮ್ಮ ಬಗ್ಗೆ ಹೇಳಿ" ಅಂದರೆ "ಅಂಥದ್ದೇನಿಲ್ಲ ಸಾರ್" ಎಂದು ಹೇಳಿ ಎದ್ದು ಬರುತ್ತಾಳೆ. ಅವರು "ತಿಳಿಸ್ತೀವಿ" ಅನ್ನುತ್ತಾರೆ. ಯಾರೂ ತಿಳಿಸುವುದಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವುದು ಅವಳಿಗೆ ಆಗದು. ನನ್ನ ಡಬ್ಬಿಗಳನ್ನೆಲ್ಲ ಅಕ್ಷರಮಾಲೆಯ ಪ್ರಕಾರ ಜೋಡಿಸಿಬಿಟ್ಟಿದ್ದಾಳೆ; ಈಗ ನನಗೆ ಉಪ್ಪು ಸಿಗುವುದಿಲ್ಲ! ಮುಂದಿನ ಸಂದರ್ಶನ ಊರಾಚೆಯ ಮಧುರಾನ್ನ ಬಿಸ್ಕತ್ತು ಕಾರ್ಖಾನೆಯಲ್ಲಿತ್ತು, ಉಗ್ರಾಣದ ಮೇಲ್ವಿಚಾರಕಿಯ ಕೆಲಸಕ್ಕೆ. ಇದಾದರೂ ಸಿಗಲಪ್ಪಾ ಎಂದು ನಾನು ಸಿದ್ಧಗಂಗೆಗೆ ಹರಕೆ ಹೊತ್ತಿದ್ದೆ.

ಅಷ್ಟರಲ್ಲಿ ಗೇಟಿನ ಹತ್ತಿರ ತರಕಾರಿಯವಳು ಕೂಗಿದಳು. "ಬದನೆಕಾಯಿ ಹೆಂಗಿದೆಯಮ್ಮ?" ಎಂದೆ. "ಏನೋ ಸುಮಾರಾಗೈತೆ ಕಣಕ್ಕ" ಎಂದಳು.

ಒಳಗಿನಿಂದ ಬ್ಯಾಗು ಗುಡುಗಿತು: "ಸುಮಾರಾ! ಬಣ್ಣ ಒಂಚೂರು ಕಪ್ಪಿರಬಹುದು, ಆದರೆ ಮುಖದಲ್ಲಿ ಲಕ್ಷಣ ಇದೆ. ತಗ್ಗಿಸಿದ ತಲೆ ಎತ್ತಿದ್ದಿಲ್ಲ, ಎದುರು ಮಾತಾಡಿದ್ದಿಲ್ಲ. ಒಳ್ಳೆ ಮನೆತನದ್ದು. ಜಾತಕ ಬೇಕಾದ್ರೆ ಕೊಡಿಸ್ತೀನಿ!"

ತರಕಾರಿಯವಳು ಬುಟ್ಟಿ ಎತ್ತಿಕೊಂಡು ತಿರುಗಿ ನೋಡದೆ ಹೋದಳು.

ನಾನು ಸೊಂಟದ ಮೇಲೆ ಕೈಯಿಟ್ಟೆ. "ರೀ! ಇದು ಮಾತಾಡೋದನ್ನ ಕಲಿತದ್ದು ಯಾರ ಹತ್ರ?"

"ಹೊಗಳೋದರಲ್ಲಿ ಪಳಗಿದವರು ಬೇಕಲ್ವೇನೇ? ಅದಕ್ಕೆ ನಮ್ಮ ಮರುಳಸಿದ್ದಯ್ಯನವರ..."

"ಮದುವೆ ದಳ್ಳಾಳಿ ಮರುಳಸಿದ್ದಯ್ಯನೇ? ಆ ಮನುಷ್ಯ ಇಷ್ಟು ದಿನ ನಮ್ಮ ಜಗಲೀಲಿ ಕೂತು ಲೋಟಗಟ್ಟಲೆ ಕಾಫಿ ಹೀರಿದ್ದು ಇದಕ್ಕೇನ್ರೀ! ನಾನು ಲೀಲಾಗೆ ಗಂಡು ಹುಡುಕ್ತಿದ್ದಾರೆ ಅಂದ್ಕೊಂಡಿದ್ದೆ!"

"ಅವರ ಮಾತನ್ನೆಲ್ಲ, ಜೊತೆಗೆ ಲೀಲಾ ವಿಷಯಾನೂ ಯಂತ್ರಕ್ಕೆ ಕುಡಿಸಿದೀನಿ. ಕೆಲಸವೂ ಒಂದು ಸಂಬಂಧವೇ ತಾನೇ?"

ಇಂಥವರ ಜೊತೆ ಬಾಳುವೆ ಮಾಡುವುದಕ್ಕೆ ಗುಂಡಿಗೆ ಬೇಕು.

ಬ್ಯಾಗು ಬೇಡ ಎಂದು ನಾನು ಬೇಕಾದಷ್ಟು ಹೇಳಿದೆ. ಆದರೆ ಲೀಲಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಇರಲಿ ಅತ್ತಿಗೆ. ನನಗೋಸ್ಕರ ಮಾತಾಡೋರು ಒಬ್ಬರಾದ್ರೂ ಪಕ್ಕದಲ್ಲಿರಲಿ" ಎಂದಳು. ನಾನೂ ಜೊತೆಗೆ ಹೊರಟೆ.

ಕಾರ್ಖಾನೆಯ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಮಾಲೀಕರಾದ ಜಯದೇವಪ್ಪನವರು, ದಪ್ಪ ಮೀಸೆ, ಮೆತ್ತನೆಯ ಮುಖ. ಇನ್ನೊಬ್ಬ ಮ್ಯಾನೇಜರ್ ನಿಶ್ಚಲ್, ಎಳೆ ಹುಡುಗ, ಆದರೆ ಹುಬ್ಬು ಗಂಟಿಕ್ಕಿದ್ದು ಬಿಚ್ಚಿರಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತು ತೆರೆದ ಬಾಗಿಲಿನಿಂದ ಕಣ್ಣು ಕಿವಿ ಎರಡನ್ನೂ ಒಳಗೆ ಕಳಿಸಿದೆ.

"ನಿಮ್ಮ ಬಗ್ಗೆ ಹೇಳಿ" ಎಂದ ನಿಶ್ಚಲ್.

"ಅಂಥದ್ದೇನಿಲ್ಲ ಸಾರ್. ಪ್ರೆಸ್ಸಲ್ಲಿ ಏನೋ ಸ್ವಲ್ಪ ಉಗ್ರಾಣ ನೋಡ್ಕೊಂಡಿದ್ದೆ."

"ಸ್ವಲ್ಪವಂತೆ!" ಬ್ಯಾಗು ಎಚ್ಚೆತ್ತಿತು. "ಪಠ್ಯಪುಸ್ತಕ ಅಚ್ಚಾಗೋ ಕಾಲದಲ್ಲಿ ಬೆಟ್ಟದಷ್ಟು ಕಾಗದ ಬರ್ತಿತ್ತು ಸ್ವಾಮಿ, ಒಂದು ಹಾಳೆ ಆಚೀಚೆ ಆಗಿಲ್ಲ. ಇಲಿ ಕಾಗದ ಕಚ್ಚಿದರೆ ಯಾವ ಇಲಿ ಅಂತ ಹೇಳೋ ಹುಡುಗಿ!"

ನಿಶ್ಚಲ್ ಮೇಜಿನ ಕೆಳಗೆ ಬಗ್ಗಿ ನೋಡಿದ. "ಯಾರ್ರೀ ಮಾತಾಡಿದ್ದು?"

"ನನ್ನ... ಬ್ಯಾಗು ಸಾರ್."

ಜಯದೇವಪ್ಪನವರ ಕಣ್ಣು ಅರಳಿತು. "ಹೌದೇ! ಮುಂದೆ ಏನು ಹೇಳುತ್ತೆ ನೋಡಾಣ. ಕೇಳಪ್ಪ, ಇನ್ನೇನಾದ್ರೂ ಕೇಳು."

"ಕಂಪ್ಯೂಟರ್ ಬರುತ್ತಾ?"

"ಅಲ್ಪಸ್ವಲ್ಪ ಸಾರ್."

"ಕಂಪ್ಯೂಟರ್ ಒಂದೇ ಅಲ್ಲ! ಹೊಲಿಗೆ, ಕಸೂತಿ, ರಂಗೋಲಿ, ಸಂಗೀತ! ಎಲ್ಲಿ, ಒಂದು ವಚನ ಹಾಡಮ್ಮ ಲೀಲಾ."

ನೋಡಿ, ಇಲ್ಲಿ ಒಂದು ವಿಷಯ ಹೇಳಬೇಕು. ಒಂದು ಕಾಲದಲ್ಲಿ ಲೀಲಾಳನ್ನು ನೋಡಲು ಎಷ್ಟು ಗಂಡುಗಳು ಬಂದು ಹೋದವೋ ಲೆಕ್ಕವಿಲ್ಲ. ಎಲ್ಲರೂ ನಮ್ಮ ಮನೆಯ ಉಪ್ಪಿಟ್ಟು, ಕೇಸರಿಬಾತು ತಿಂದರು, ಹಾಡು ಕೇಳಿದರು, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಕೈ ತೊಳೆದುಕೊಂಡು ಹೋದರು. "ಹಾಡಮ್ಮ" ಎಂದು ಹಿರಿಯ ದನಿ ಕೇಳಿದರೆ ಅವಳಿಗೆ ಬಾಯಿ ತಾನಾಗಿ ತೆರೆಯುತ್ತದೆ. ಹಾಗೇ ಆಯಿತು. ಆ ಕೋಣೆಯಲ್ಲಿ, ಬಿಸ್ಕತ್ತಿನ ಪೋಸ್ಟರಿನ ಮುಂದೆ, ತಲೆ ತಗ್ಗಿಸಿ ಹಾಡಿಬಿಟ್ಟಳು! ಜಯದೇವಪ್ಪನವರು ತೊಡೆ ತಟ್ಟಿ ತಾಳ ಹಾಕಿದರು.

"ಹೊರಗೆ ಹುಡುಗಿ ಅತ್ತಿಗೆ ಕೂತಿದ್ದಾರೆ, ಒಳಗೆ ಕರೀರಿ" ಎಂದಿತು ಬ್ಯಾಗು. "ಹಿರಿಯರಿಲ್ಲದೆ ಎಂಥ ಮಾತುಕತೆ?"

ನನಗೂ ಒಂದು ಕುರ್ಚಿ ಬಂತು. ಮರ್ಯಾದೆಗೆ ಎಂದು ಜಯದೇವಪ್ಪನವರು ಟೀ ಮತ್ತು ಒಂದು ತಟ್ಟೆ ಬಿಸ್ಕತ್ತು ತರಿಸಿದರು. ಎಡವಟ್ಟಾದದ್ದು ಅಲ್ಲೇ! ಬ್ಯಾಗಿನ ಗಾಜಿನ ಕಣ್ಣು ತಟ್ಟೆಯನ್ನು ನೋಡಿತು. ಒಳಗೇನೋ ಕಟಕಟ ಅಂದಿತು. ಮರುಳಸಿದ್ದಯ್ಯನ ವಿದ್ಯೆಯಲ್ಲಿ ಹೋಗಿ ಕೂತು ತಿಂಡಿ ತಿನ್ನುವವರು ಗಂಡಿನ ಕಡೆ, ತಿಂಡಿ ಕೊಡುವವರು ಹೆಣ್ಣಿನ ಕಡೆ. ಯಂತ್ರಕ್ಕೆ ಅಷ್ಟೇ ಸಾಕಾಯಿತು, ನಿಂತ ನಿಲುವಿನಲ್ಲಿ ನಮ್ಮನ್ನು ಗಂಡಿನ ಕಡೆ ಮಾಡಿಬಿಟ್ಟಿತು!

"ಬರೀ ಬಿಸ್ಕತ್ತೇ?" ದನಿ ಈಗ ಬಿಗಿಯಾಗಿತ್ತು. "ಉಪ್ಪಿಟ್ಟು ಮಾಡೋರಿಲ್ವೇ ಮನೇಲಿ?"

ನಾನು ಬ್ಯಾಗಿನ ಬಾಯಿ ಮುಚ್ಚಲು ಹೋದೆ. ಬೆರಳಿಗೆ ಚುರ್ ಎಂದು ಕರೆಂಟು ಹೊಡೆಯಿತು. ಮನೆಯವರ ಕೈಕೆಲಸ, ಎಲ್ಲಿ ಹೋಗುತ್ತದೆ!

ಜಯದೇವಪ್ಪನವರು ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ತಂದೆ. ಆ ದನಿ ಕಿವಿಗೆ ಬಿದ್ದದ್ದೇ ತಡ, ಬೆನ್ನು ಬಗ್ಗಿತು, ಕೈಗಳು ಜೋಡಿದವು. "ತಪ್ಪಾಯ್ತು ಸ್ವಾಮಿ. ಏನೋ ನಮ್ಮ ಕೈಲಾದಷ್ಟು..."

"ಇರಲಿ. ಹಿಂದೆ ಉಗ್ರಾಣ ನೋಡ್ತಿದ್ದೋರು ಯಾಕೆ ಬಿಟ್ಟು ಹೋದ್ರು?"

"ಅದು... ಹೊಂದಾಣಿಕೆ ಆಗಲಿಲ್ಲ."

"ಅವರಿಗೆ ಮುಂಚೆ ಇದ್ದೋರು?"

"ಅವರಿಗೂ ಆಗಲಿಲ್ಲ."

"ಮನೇಲಿ ಸಿಡುಕಿನವರು ಯಾರು?"

ಜಯದೇವಪ್ಪನವರ ಕಣ್ಣು ಮೆಲ್ಲಗೆ ಪಕ್ಕಕ್ಕೆ ಹೋಯಿತು. ನಿಶ್ಚಲ್ ಮೇಜು ಗುದ್ದಿ ಎದ್ದ. "ಸಾರ್! ಇಂಟರ್‌ವ್ಯೂ ಮಾಡೋರು ನಾವು! ಬ್ಯಾಗಿಗೆ ಯಾಕೆ ಉತ್ತರ ಕೊಡ್ತಿದೀರಿ? ನಾನು ಸಿಡುಕಿನವನಾ? ನಾನಾ?" ಎಂದು ಕಿರುಚಿದ ರಭಸಕ್ಕೆ ಟೀ ಲೋಟ ಉರುಳಿತು.

"ಗೊತ್ತಾಯ್ತು" ಎಂದಿತು ಬ್ಯಾಗು. "ಬಿಸ್ಕತ್ತು ಚೆನ್ನಾಗಿತ್ತು. ಊರಿಗೆ ಹೋಗಿ ತಿಳಿಸ್ತೀವಿ. ಏಳಮ್ಮ."

ಲೀಲಾ ಎದ್ದಳು. ಏನು ಮಾಡುವುದು, ನಾನೂ ಎದ್ದೆ.

ಮನೆಗೆ ಬಂದು ಅವಳು ಮೊದಲು ಬಿದ್ದು ಬಿದ್ದು ನಕ್ಕಳು. "ಇಷ್ಟು ವರ್ಷ ಎಲ್ಲರೂ ನನಗೆ ಹೇಳಿದ ಮಾತನ್ನ ಇವತ್ತು ನನ್ನ ಬ್ಯಾಗು ಹೇಳಿ ಬಂತು ಅತ್ತಿಗೆ!" ನಗುನಗುತ್ತಲೇ ಅಳು ಬಂತು. "ಆದ್ರೆ ಆ ಕೆಲಸ ನನಗೆ ಬೇಕಿತ್ತು. ಹೋಗ್ತಾ ಉಗ್ರಾಣ ನೋಡಿದೆ. ಮೂಟೆಗಳು ಹೆಂಗೆಂಗೋ ಬಿದ್ದಿದಾವೆ. ಎರಡೇ ದಿನ ಬಿಟ್ಟಿದ್ರೆ ಸಾಕಿತ್ತು, ಎಲ್ಲಾ ಸರಿಮಾಡಿಬಿಡ್ತಿದ್ದೆ!"

ನನಗೆ ಉರಿದುಹೋಯಿತು. "ನೋಡ್ರಿ ನಿಮ್ಮ ಘನಕಾರ್ಯ!" ಎಂದು ಯಜಮಾನರ ಮೇಲೆ ಹರಿಹಾಯ್ದೆ. ಅವರೋ, ಸ್ಕ್ರೂಡ್ರೈವರ್ ಹಿಡಿದು ಬ್ಯಾಗಿನೊಳಗೆ ತಲೆ ಹಾಕಿ ಕೂತಿದ್ದರು. "ಅಲ್ವೇ, ತಟ್ಟೆ ನೋಡಿ ಪಕ್ಷ ಬದಲಾಯಿಸ್ತಾ? ಎಂಥ ಕುತೂಹಲದ ವಿಷಯ! ತಟ್ಟೇಲಿ ಬಿಸ್ಕತ್ತು ಎಷ್ಟಿತ್ತು ನೆನಪಿದ್ಯಾ?" ಎಂದು ಕೇಳುತ್ತಾರೆ! ನಾನು ರಾತ್ರಿಯ ಊಟಕ್ಕೆ ಅವರಿಗೆ ಬಿಸ್ಕತ್ತನ್ನೇ ಬಡಿಸಿದೆ.

ಮಾರನೆಯ ಬೆಳಿಗ್ಗೆ ಮನೆ ಮುಂದೆ ಕಾರು ನಿಂತಿತು. ಜಯದೇವಪ್ಪನವರು ಇಳಿದರು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ. ಹಿಂದೆ ಮುಖ ಊದಿಸಿಕೊಂಡ ನಿಶ್ಚಲ್.

"ಅಮ್ಮಾ, ನನಗೆ ನಿದ್ದೆ ಹತ್ತಲಿಲ್ಲ" ಎಂದರು ಜಯದೇವಪ್ಪನವರು. "ನಮ್ಮ ಕಾರ್ಖಾನೇಲಿ ಏನು ಕೊರತೆ ಕಂಡ್ರಿ? ಇಲ್ಲೀವರೆಗೆ ನಮ್ಮನ್ನ ಯಾರೂ ಒಲ್ಲೆ ಅಂದಿರಲಿಲ್ಲ!"

ಯಜಮಾನರು ಬ್ಯಾಗಿನ ಕಡೆ ಕೈ ಚಾಚಿದರು. ಲೀಲಾ ಅವರ ಕೈಯನ್ನು ಪಕ್ಕಕ್ಕೆ ಸರಿಸಿದಳು. ತಗ್ಗಿಸಿದ ತಲೆ ಎತ್ತಿ ಜಯದೇವಪ್ಪನವರ ಮುಖವನ್ನೇ ನೋಡಿದಳು.

"ಕೊರತೆ ಇದೆ ಸಾರ್. ನಿಮ್ಮ ಉಗ್ರಾಣಕ್ಕೆ ನಾನಿಲ್ಲ. ನನಗೆ ಈ ಕೆಲಸ ಚೆನ್ನಾಗಿ ಬರುತ್ತೆ. ನನಗಿಂತ ಚೆನ್ನಾಗಿ ಮಾಡೋರು ನಿಮಗೆ ಸಿಗಲ್ಲ. ಕೊಡಿ, ನಾಳೆಯಿಂದಲೇ ಬರ್ತೀನಿ."

ಬ್ಯಾಗು ಪಿಟಕ್ ಅನ್ನಲಿಲ್ಲ. ಈ ಮಾತಿಗೆ ಅದು ಸೇರಿಸುವಂಥದ್ದು ಏನೂ ಉಳಿದಿರಲಿಲ್ಲ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಜಯದೇವಪ್ಪನವರು "ಆಯ್ತಮ್ಮ, ಆಯ್ತು!" ಎಂದು ಸಂತೋಷದಿಂದ ತಟ್ಟೆಯನ್ನು ಲೀಲಾಳ ಕೈಗೆ ಕೊಟ್ಟರು.

ಬಂದವರೆದುರು ತಟ್ಟೆ ಹಿಡಿದು ನಿಂತವಳು ಹೆಣ್ಣು ತಾನೇ, ಆ ಹಾಳು ಕಣ್ಣು ಲೀಲಾಳ ಕೈಯಲ್ಲಿ ತಟ್ಟೆ ನೋಡಿಬಿಟ್ಟಿತು! ಬ್ಯಾಗು ಮತ್ತೆ ಕಟಕಟ ಎಂದು ಪಕ್ಷ ಬದಲಾಯಿಸಿತು.

"ನಿಶ್ಚಯವಾಯ್ತು, ಶುಭ! ನಮ್ಮ ಹುಡುಗೀನ ಮಗಳ ಹಾಗೆ ನೋಡ್ಕೊಳ್ಳಿ. ಆಷಾಢ ಹತ್ತಿರ ಬಂತು, ನೆನಪಿರಲಿ. ಮೊದಲನೇ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ತುಳೀಬಾರದು. ಮಾತು ಕೊಡಿ!"

"ಕೊಟ್ಟೆ ಸ್ವಾಮಿ" ಎಂದುಬಿಟ್ಟರು ಜಯದೇವಪ್ಪನವರು. ಆಮೇಲೆ ತಲೆ ಕೆರೆದುಕೊಂಡು, "ಸೊಸೆ ಅಂದ್ರೆ ಈ ತಾಯಿ. ಅತ್ತೆ ಯಾರು?" ಎಂದರು.

ಎಲ್ಲರೂ ನಿಶ್ಚಲ್ ಕಡೆ ತಿರುಗಿದೆವು.

ಲೀಲಾ ಕೆಲಸಕ್ಕೆ ಸೇರಿದಳು. ಉಗ್ರಾಣ ಈಗ ಕನ್ನಡಿಯ ಹಾಗಿದೆಯಂತೆ. ಅವಳು ಒಂದು ದಿನ ಬರದಿದ್ದರೆ ಸಕ್ಕರೆ ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲವಂತೆ. ಅಷ್ಟರಲ್ಲಿ ಆಷಾಢ ಬಂತು. ಜಯದೇವಪ್ಪನವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಶಾಸ್ತ್ರದ ಪ್ರಕಾರ ಸೊಸೆಯನ್ನು ತವರಿಗೆ ಕಳಿಸಬೇಕು. ಕಳಿಸಿದರೆ ಕಾರ್ಖಾನೆ ನಿಲ್ಲುತ್ತದೆ. ಬಹಳ ಯೋಚನೆ ಮಾಡಿ, ಹೂವು ಹಣ್ಣು ಕೊಟ್ಟು, ಅತ್ತೆಯನ್ನೇ ತಿಂಗಳ ಮಟ್ಟಿಗೆ ತವರಿಗೆ ಕಳಿಸಿದರು.

ಮೊನ್ನೆ ಸಂತೆಯಲ್ಲಿ ನಿಶ್ಚಲ್‌ನ ತಾಯಿ ಸಿಕ್ಕಿದ್ದರು, ಪಾಪ, ತುಂಬ ಸೊರಗಿದ್ದರು. ಶ್ರಾವಣ ಯಾವಾಗ ಹುಟ್ಟುತ್ತದೆ ಎಂದು ಕೇಳಿದರು.