ಹಿತ್ತಲ ಬಾಗಿಲ ಚಿಲಕ

ಇಷ್ಟಕ್ಕೆಲ್ಲ ಕಾರಣ ನಿಂಗರಾಜ್ ಪೇಪರಿನಿಂದ ತಲೆ ಎತ್ತದೆ ಅಂದ ಒಂದು 'ಹ್ಞೂಂ'. ಮಗಳು ಚೈತ್ರಾ ಕೇಳಿದ್ದೇನು, ತಾನು ಒಪ್ಪಿದ್ದೇನು ಎಂಬುದು ಅವನಿಗೆ ತಿಳಿದದ್ದು ಮುಂದಿನ ಭಾನುವಾರ, ಶಿವಮೊಗ್ಗದ ಹೊರಗೆ ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಆಶ್ರಮವೊಂದರ ಗೇಟಿನ ಮುಂದೆ ನಿಂತಾಗ. ಆ ಹೊತ್ತಿಗೆ ಮಗಳ ಮುಖ ಎಷ್ಟು ಅರಳಿತ್ತೆಂದರೆ, ಅಲ್ಲಿಂದ ಬರಿಗೈಲಿ ವಾಪಸಾಗುವ ಧೈರ್ಯ ಯಾವ ಅಪ್ಪನಿಗೂ ಬರುತ್ತಿರಲಿಲ್ಲ.

"ಮೂರು ವಾರ ಇಟ್ಕೊಂಡು ನೋಡ್ರಿ ಸರ್. ಹೊಂದಿಕೆ ಆಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಬರ್ರಿ, ನಾವೇನೂ ಬೇಜಾರು ಮಾಡ್ಕೊಳಲ್ಲ. ಮೂರು ವಾರ ದಾಟ್ತು ಅಂದ್ರೆ ಮಾತ್ರ ಅದು ನಿಮ್ಮನೇದೇ" ಎಂದರು ಆಶ್ರಮ ನೋಡಿಕೊಳ್ಳುವ ಕಲ್ಪನಾ ಮೇಡಂ.

ಹನ್ನೊಂದು ತಿಂಗಳ ಕಂದು ಬಣ್ಣದ ಗಂಡುನಾಯಿ. ಚೈತ್ರಾ ಅದಕ್ಕೆ ಜಾಮೂನ್ ಎಂದು ಹೆಸರಿಟ್ಟಳು. ಜಾಮೂನು ಇಟ್ಟಲ್ಲಿ ಇರುತ್ತದೆ, ಇದು ಇರಲಿಲ್ಲ. ಮೊದಲ ವಾರ ನಿಂಗರಾಜನ ಒಂದು ಬೂಟು ತಿಂದಿತು, ಎರಡನೆಯ ವಾರ ಜೋಡಿ ತಪ್ಪಬಾರದೆಂದು ಇನ್ನೊಂದನ್ನೂ ತಿಂದಿತು. ಅದೆಲ್ಲ ಹೋಗಲಿ ಎನ್ನೋಣ. ದಿನಾ ಬೆಳಗಿನ ಐದಕ್ಕೆ ಸರಿಯಾಗಿ ಬಂದು ಅವನ ಕಂಬಳಿ ಕಚ್ಚಿ ಎಳೆಯುತ್ತಿತ್ತು. ಎದ್ದು ತಮ್ಮೂರು ನ್ಯಾಮತಿಯ ಬಸ್ ಸ್ಟ್ಯಾಂಡಿನವರೆಗೆ ಅದರ ಹಿಂದೆ ಓಡಿ ಬರುವತನಕ ಬಿಡುತ್ತಿರಲಿಲ್ಲ.

ಐದಕ್ಕೆ ಕಂಬಳಿ ಎಳೆಯುವ ಇನ್ನೊಬ್ಬರು ಆ ಮನೆಯಲ್ಲಿದ್ದರು. ಅವನ ಅಪ್ಪ ಚಿಕ್ಕಹನುಮಂತಪ್ಪ. "ಹೊತ್ತು ನೆತ್ತಿಗೇರ್ತು, ಏಳೋ" ಎಂದು ನಲವತ್ತು ವರ್ಷದ ಮಗನನ್ನೂ ಎಬ್ಬಿಸುತ್ತಿದ್ದರು. ಕಳೆದ ವರ್ಷ ದೀಪಾವಳಿ ಕಳೆದು ವಾರಕ್ಕೆ ಅವರು ತೀರಿಕೊಂಡಾಗ ನಿಂಗರಾಜ್ ಎದೆ ಒಡೆದು ಅತ್ತ. ಆದರೆ ತಿಥಿ ಮುಗಿದ ಮರುದಿನ ಏಳು ಗಂಟೆಯವರೆಗೆ ಮಲಗಿ ಎದ್ದಾಗ, ಎಂಥ ಒಳ್ಳೆಯ ನಿದ್ದೆ ಬಂತಲ್ಲ ಅನಿಸಿ ಅವನಿಗೆ ತನ್ನ ಮೇಲೇ ನಾಚಿಕೆಯಾಗಿತ್ತು.

ಆ ನಿದ್ದೆಗೆ ಈಗ ಕಲ್ಲು ಬಿದ್ದಿತ್ತು. ನಾಯಿಯನ್ನು ವಾಪಸ್ ಬಿಡಬೇಕು ಸರಿ, ಆದರೆ ಮಗಳಿಗೆ ಹೇಳುವವರು ಯಾರು? ಅವಳು ಒಂದು ಸಲ ಮಾತು ಬಿಟ್ಟರೆ ಆರು ತಿಂಗಳು ಮಾತಾಡಿಸುವವಳಲ್ಲ. ಹೇಳಿ ದಕ್ಕಿಸಿಕೊಳ್ಳುವ ಒಬ್ಬರೇ ಒಬ್ಬರೆಂದರೆ ಅವನ ಅವ್ವ ಶಂಕ್ರಮ್ಮ. ಗಂಡ ಹೋದಮೇಲೆ ಆಕೆ ಮಾತು ಕಡಿಮೆ ಮಾಡಿದ್ದರು. ನಾಯಿ ಬಂದ ದಿನ ಮಾತ್ರ ಬಾಯಿ ಬಿಟ್ಟು ಹೇಳಿದ್ದರು.

"ನೋಡೋ ನಿಂಗ, ಕೂಸಿನ ಮುಖ ನೋಡಿ ಸುಮ್ಕಿದೀನಿ. ಹಿರಿಯರ ಹಬ್ಬದ ದಿನ ಇದೇನಾದ್ರೂ ಎಡೆ ಮುಟ್ತೋ, ಅವತ್ತೇ ಇದ್ನ ಬಿಟ್ಟು ಬರ್ಬೇಕು."

ಮಹಾಲಯ ಅಮಾವಾಸ್ಯೆ ಬಂತು. ಕಲ್ಪನಾ ಮೇಡಂ ಕೊಟ್ಟ ಮೂರು ವಾರ ಮುಗಿಯುವುದೂ ಅವತ್ತೇ, ಸಂಜೆ ಐದಕ್ಕೆ. ನಿಂಗರಾಜ್ ಬೆಳಗಿನಿಂದಲೇ ಜಾಮೂನ್‌ನ ಮೇಲೆ ಕಣ್ಣಿಟ್ಟ. ಆದರೆ ಅದೇನು ಬಂದಿತ್ತೋ ಆ ನಾಯಿಗೆ, ಹಿತ್ತಲಿನ ನುಗ್ಗೆಗಿಡಕ್ಕೆ ಕಟ್ಟಿದ್ದು ಕಟ್ಟಿದಂತೆ ಮುಂಗಾಲ ಮೇಲೆ ಮುಖವಿಟ್ಟು ಕೂತಿತ್ತು. ಅಡುಗೆಮನೆಯಿಂದ ಮಟನ್ ಸಾರಿನ ವಾಸನೆ ಬಂದಾಗಲೂ ಒಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು.

"ಎಷ್ಟು ಸುಬಗ ಐತಲ್ಲೋ, ಪಾಪ" ಎಂದರು ಎದುರುಮನೆಯ ಅಜ್ಜಮ್ಮ. ನಿಂಗರಾಜನಿಗೆ ಮೈ ಉರಿಯಿತು.

ಅಪ್ಪ ಮಲಗುತ್ತಿದ್ದ ಕೋಣೆಯಲ್ಲಿ ಅವರ ಫೋಟೋದ ಮುಂದೆ ಬಾಳೆಲೆ ಹಾಕಿ ಎಡೆ ಇಟ್ಟರು. ಅನ್ನ, ಮಟನ್ ಸಾರು, ಕಡುಬು, ವಡೆ, ಪಾಯಸ. ಅಜ್ಜಮ್ಮ ಪ್ರೀತಿಯಿಂದ ತಂದ ಬದನೆಕಾಯಿ ಪಲ್ಯ ಬೇಡವೆನ್ನಲಾಗದೆ ಒಂದು ಮೂಲೆಗೆ ಬಡಿಸಿದರು. ಪಕ್ಕದಲ್ಲಿ ಹೊಸ ಟವೆಲ್ಲು, ಒಂದು ಕಟ್ಟು ಬೀಡಿ. ಎಲ್ಲರೂ ಕೈ ಮುಗಿದು ಹೊರಗೆ ಬಂದರು. ಶಂಕ್ರಮ್ಮ ಕದ ಮುಚ್ಚಿದರು. ಹಿರಿಯರು ಬಂದು ಉಂಡು ಹೋಗುವತನಕ ಒಳಗೆ ಯಾರೂ ಇರಬಾರದು. ಇದು ಎಲ್ಲರ ಮನೆಯ ಪದ್ಧತಿ.

ಆ ಕೋಣೆಗೆ ಹಿತ್ತಲ ಕಡೆಯೂ ಒಂದು ಬಾಗಿಲಿತ್ತು, ಹೊರಗಿನಿಂದ ಚಿಲಕ. ನಿಂಗರಾಜ್ ಕೈ ತೊಳೆಯುವ ನೆಪದಲ್ಲಿ ಎದ್ದ. ನುಗ್ಗೆಗಿಡದ ಹತ್ತಿರ ಹೋಗಿ ನಾಯಿಯ ಕೊರಳಿನ ಬೆಲ್ಟು ಬಿಚ್ಚಿದ. ಮಾಡುತ್ತಿರುವುದು ಪಾಪ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಅಪ್ಪಾ, ತಪ್ಪಾತು. ನಾಳೆ ನಿಂಗೆ ಬೇರೆ ಎಡೆ ಇಕ್ತೀನಿ" ಎಂದು ಮನಸ್ಸಿನಲ್ಲೇ ಅಡ್ಡಬಿದ್ದು, ಬಾಗಿಲು ತೆರೆದು ಜಾಮೂನ್‌ನನ್ನು ಒಳಗೆ ನೂಕಿ ಚಿಲಕ ಹಾಕಿದ. ಹದಿನೆಂಟು ವರ್ಷ ಕಚೇರಿಯಲ್ಲಿ ಫೈಲು ಬಿಚ್ಚಿ ಕಟ್ಟಿದ ಕೈ ಅದು. ಬಿಚ್ಚಿದ್ದನ್ನು ಬಿಚ್ಚಿದಂತೆ ಬಿಟ್ಟು ಗೊತ್ತಿಲ್ಲ. ಖಾಲಿ ಬೆಲ್ಟಿನ ಬಕಲ್ಲನ್ನೂ ಮೊದಲಿನಂತೆ ಹಾಕಿ ಬಂದ.

ಪಡಸಾಲೆಯಲ್ಲಿ ಮನೆಯವರೂ ನೆರೆಯವರೂ ಕೂತಿದ್ದರು. ಕೋಣೆಯಿಂದ ಕಟಕಟ ಸದ್ದು ಬಂತು.

"ಕೇಳಿಸ್ತೇನ್ರಿ?" ಅಜ್ಜಮ್ಮನ ಕಣ್ಣು ಅಗಲವಾಯಿತು. "ಬಂದವ್ರೆ!"

"ಶ್! ಉಣ್ಣಾಕೆ ಕುಂತಾರೆ, ಯಾರೂ ಮಾತಾಡ್ಬ್ಯಾಡ್ರಿ" ಎಂದರು ಪಕ್ಕದ ಮನೆಯ ಗುರುಸ್ವಾಮಿ, ನಿವೃತ್ತ ಡ್ರಿಲ್ ಮೇಷ್ಟ್ರು. ಹೇಳಿ ತಾವೇ ಎದ್ದು ಡ್ರಿಲ್ಲಿನ ಸಾವಧಾನ್ ಭಂಗಿಯಲ್ಲಿ ನಿಂತರು.

ನಿಂಗರಾಜ್ ನಾಯಿಗೆ ಬಯ್ಯಬೇಕಾದ ಬೈಗುಳಗಳನ್ನು ಒಳಗೊಳಗೇ ಜೋಡಿಸಿಕೊಂಡ. ಸ್ವಲ್ಪ ಹೊತ್ತಿಗೆ ಶಂಕ್ರಮ್ಮ ಮೂರು ಸಲ ಬಾಗಿಲು ಬಡಿದು ಕದ ತೆಗೆದರು.

ಒಂದು ಮೂಲೆ ಬಿಟ್ಟರೆ ಎಲೆ ತೊಳೆದಿಟ್ಟಂತಿತ್ತು. ಜಾಮೂನ್ ಅಪ್ಪನ ಮಂಚದ ಮೇಲೆ, ಅಪ್ಪನ ದಿಂಬಿಗೆ ತಲೆ ಕೊಟ್ಟು ಮಲಗಿತ್ತು. ಹೊಸ ಟವೆಲ್ಲು ಅದರ ಹೆಗಲ ಮೇಲಿತ್ತು.

"ಅಯ್ಯಯ್ಯೋ! ಎಡೆ ಕೆಡಿಸ್ತಲ್ಲವ್ವಾ!" ನಿಂಗರಾಜ್ ಹಣೆ ಚಚ್ಚಿಕೊಂಡ. "ನೀ ಹೇಳಿದ್ದೇ ಸರಿ. ನಡಿ, ಈಗ್ಲೇ ಬಿಟ್ಟು ಬರ್ತೀನಿ!"

ಯಾರೂ ಅವನ ಕಡೆ ನೋಡಲಿಲ್ಲ. ಅಜ್ಜಮ್ಮ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಶಂಕ್ರವ್ವಾ, ಇಲ್ಲಿ ನೋಡೇ. ಎಲ್ಲಾ ಉಂಡು ಬದ್ನೆಕಾಯಿ ಒಂದನ್ನ ಬಿಟ್ಟೈತೆ."

ಶಂಕ್ರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಮ್ಮನೆಯವ್ರು ಬದ್ನೆಕಾಯಿ ಮುಟ್ತಿದ್ದಿಲ್ಲ."

"ಬೀಡೀನೂ ಮುಟ್ಟಿಲ್ಲಲ್ಲ?" ಎಂದರು ಮೇಷ್ಟ್ರು.

"ಡಾಕ್ಟ್ರು ಬ್ಯಾಡ ಅಂದಿದ್ರು" ಎಂದರು ಶಂಕ್ರಮ್ಮ.

"ನಾಯಿ ಬೀಡಿ ಹೆಂಗೆ ತಿಂತದ್ರಿ?" ನಿಂಗರಾಜ್ ಕೂಗಿದ. "ಹಗ್ಗ ಬಿಚ್ಕೊಂಡು ಬಂದೈತೆ ಅಷ್ಟೇ!"

ಮೇಷ್ಟ್ರು ಹಿತ್ತಲಿಗೆ ಹೋಗಿ ತನಿಖೆ ಮಾಡಿ ಬಂದರು. ಓಟದ ಫಲಿತಾಂಶ ಓದುವ ಗಾಂಭೀರ್ಯದಲ್ಲಿ ಹೇಳಿದರು: "ಹಗ್ಗ ಗಿಡದಾಗೇ ಐತೆ. ಬೆಲ್ಟು ಹಾಕಿದ್ದು ಹಾಕಿದಂಗೇ ಐತೆ. ಬಾಗ್ಲಿಗೆ ಹೊರಗಿಂದ ಚಿಲಕ ಐತೆ. ಮನುಷ್ಯರ ಕೆಲ್ಸ ಅಲ್ಲ ಇದು."

ಚಿಲಕ ಹಾಕಿದ್ದು ನಾನೇ ಎಂಬ ಮಾತು ನಿಂಗರಾಜನ ಗಂಟಲವರೆಗೆ ಬಂತು. ಅಪ್ಪನ ಮೊದಲ ವರ್ಷದ ಎಡೆಗೆ ಬೇಕಂತಲೇ ನಾಯಿ ನುಗ್ಗಿಸಿದವನು ನಾನು ಎಂದು ಬೀದಿಯವರ ಮುಂದೆ, ಹೆಂಡತಿಯ ಮುಂದೆ, ಮಗಳ ಮುಂದೆ ಹೇಳಬೇಕಲ್ಲ. ಗಂಟಲಲ್ಲೇ ನುಂಗಿಕೊಂಡ.

ಶಂಕ್ರಮ್ಮ ಮೆಲ್ಲಗೆ ಮಂಚದ ಹತ್ತಿರ ಹೋದರು. ಗಂಡ ಹೋದಮೇಲೆ ಆಕೆ ಆ ಮಂಚ ಮುಟ್ಟಿರಲಿಲ್ಲ. ನಾಯಿ ತಲೆ ಎತ್ತಿ ಅವರ ಕೈ ನೆಕ್ಕಿತು.

"ಏನ್ರೀ," ಎಂದರು ಅವರು, "ವರ್ಷ ಆಗಾಕೆ ಬಂತಲ್ರಿ. ಒಂದು ಮಾತೂ ಹೇಳ್ದಂಗೆ ಹೋದ್ರಲ್ಲ." ಹೇಳುತ್ತಾ ಹೇಳುತ್ತಾ ಅದರ ಕೊರಳಿಗೆ ಹಣೆ ಒತ್ತಿ ಅತ್ತರು. ಎಂದೂ ಕೂತಲ್ಲಿ ಕೂರದ ಆ ನಾಯಿ ಅವರು ಅತ್ತು ಮುಗಿಸುವತನಕ ಅಲುಗಾಡಲಿಲ್ಲ. ನಿಂಗರಾಜನ ಕಣ್ಣಲ್ಲೂ ನೀರು ಬಂತು.

ಐದಕ್ಕೆ ಇನ್ನು ಹತ್ತು ನಿಮಿಷ ಇರುವಾಗ ಕಲ್ಪನಾ ಮೇಡಂ ಫೋನು ಬಂತು. "ಏನ್ ಸರ್, ಇಟ್ಕೊತೀರೋ, ವಾಪಸ್ ತರ್ತೀರೋ?"

ನಿಂಗರಾಜ್ ದನಿ ತಗ್ಗಿಸಿ, "ಆಶ್ರಮಕ್ಕೇ ಬಿಟ್ಟರೆ ಹೆಂಗೆ ಅಂತ..." ಎನ್ನುವಷ್ಟರಲ್ಲಿ ಅಜ್ಜಮ್ಮನ ಕಿವಿಗೆ ಬಿತ್ತು.

"ಏನಂದೆ? ಹೆತ್ತಪ್ಪನ್ನ ಆಶ್ರಮಕ್ಕೆ ಬಿಡ್ತೀಯೇನೋ? ಕೇಳ್ರಪ್ಪೋ ಇವನ ಮಾತು! ಕೈತುಂಬ ಸಂಬಳ ಬರ್ತೈತೆ, ಅಪ್ಪಗೆ ಒಂದು ತುತ್ತು ಅನ್ನ ಇಲ್ಲೇನೋ?"

ಹೆಂಡತಿ ಅಂಬಿಕಾ ಅವನನ್ನು ನೋಡಿದ ನೋಟಕ್ಕೆ ಫೋನು ಕೈಯಿಂದ ಜಾರಿತು. ಚೈತ್ರಾ ಅದನ್ನು ಎತ್ತಿಕೊಂಡು, "ಇಟ್ಕೊತೀವಿ ಆಂಟಿ. ನಮ್ಮನೇದೇ" ಎಂದಳು.

ಬೀದಿಯವರೆಲ್ಲ ಹೋದಮೇಲೆ ನಿಂಗರಾಜನಿಗೆ ತಡೆಯಲಾಗಲಿಲ್ಲ. ಅಪ್ಪನ ಕುರ್ಚಿಗೆ ಒರಗಿ ಅವ್ವನ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟ. ಬೆಲ್ಟು ಬಿಚ್ಚಿದ್ದು, ನೂಕಿದ್ದು, ಚಿಲಕ ಹಾಕಿದ್ದು. "ನಂದೇ ಕೆಟ್ಟ ಬುದ್ಧಿ ಅವ್ವಾ. ಅದು ಬರೀ ನಾಯಿ."

ಶಂಕ್ರಮ್ಮ ಪೂರ್ತಿ ಕೇಳಿಸಿಕೊಂಡರು. ಬಯ್ಯಲಿಲ್ಲ.

"ಚಿಕ್ಕೋನಿದ್ದಾಗಿಂದ ಒಂದು ಇರುವೆ ತುಳಿಯಾಕೂ ಹೆದರ್ತಿದ್ದೋನು ನೀನು. ಎಡೆ ಕೆಡಿಸೋ ಧೈರ್ಯ ನಿಂಗೆಲ್ಲಿಂದ ಬರ್ಬೇಕು?" ಎಂದು ಮಗನ ತಲೆ ಸವರಿದರು. "ಅವ್ರೇ ನಿನ್ ಕೈಲಿ ಬಾಗ್ಲು ತೆಗೆಸಿದ್ದು. ಈಗ ಆ ಕುರ್ಚಿಗೆ ಒರಗಬ್ಯಾಡ, ಅವ್ರು ಕೂತ್ಕೊತಾರೆ. ಜಾಮೂನ್ ಗೀಮೂನ್ ಅಂತ ಹೆಸರು ಹಿಡಿದು ಕರೀಬ್ಯಾಡ."

ಮರುದಿನ ಬೆಳಗಿನ ಐದಕ್ಕೆ ಸರಿಯಾಗಿ ಕಂಬಳಿ ಜಾರಿತು. ನಿಂಗರಾಜ್ ಕಣ್ಣು ಬಿಡದೆ, "ಬಂದೆ ಅಪ್ಪಾ, ಬಂದೆ" ಎಂದ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಒಳಗಿನ ಕೋಣೆಯಿಂದ ಅವ್ವನ ದನಿ ಬಂತು. "ಜಲ್ದಿ ಚಪ್ಪಲಿ ಮೆಟ್ಕೊಂಡು ನಡಿಯೋ. ಅವರನ್ನ ಕಾಯಿಸ್ಬ್ಯಾಡ."